ಪತ್ತನಾಜೆಗೆ ಮೊದಲು, ಅಂದರೆ ಮಳೆಗಾಲಕ್ಕೆ ಮುಂಚೆ, ಮಾಡು (ಚಾವಣಿ) ಮುಗಿಯಬೇಕು: ದುಂಡುಮರದ ಗುಡಿಸಲು, ಕೈ ಹತ್ಯಾರಲ್ಲೇ

ಹಿಮ ಬೀಳುವ ಊರಿನ ಕಾಡಿನಲ್ಲಿ ಒಬ್ಬನೇ ಕೊಡಲಿ ಹಿಡಿದು, ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿ ಮನೆ ಕಟ್ಟುವ ವಿಡಿಯೋಗಳಿವೆಯಲ್ಲ, ಅದೇ ನಮೂನೆಯದ್ದು ಕಾರ್ಕಳದ ತೋಟಕ್ಕೋ ಹೆಬ್ರಿಯ ಗುಡ್ಡಕ್ಕೋ ಒಂದು ಬೇಕು ಎಂದು ಆಸೆಪಡುವವರು ಬಹಳ. ನಮ್ಮ ಕಡೆ ಅದು ಬೇಡ. 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆಗೆ 8 ಇಂಚು ದಪ್ಪದ ದಿಮ್ಮಿ ಅಡ್ಡಡ್ಡ ಇಟ್ಟು 6 ಅಡಿ ಎತ್ತರಿಸಲು 9 ವರಸೆ ಬೇಕು, ಅಂದರೆ 36 ದಿಮ್ಮಿ. ಅಷ್ಟು ಮರ ಹಾಕಿದ ಮೇಲೂ ಅಡ್ಡ ಮಲಗಿದ ಮರದ ಬಿರುಕಿನಲ್ಲಿ ಮಳೆನೀರು ನಿಲ್ಲುತ್ತದೆ, ಮೂಲೆಯ ಕಚ್ಚುಗಳಲ್ಲಿ ನಿಲ್ಲುತ್ತದೆ, ಕೆಳಗಿನ ವರಸೆಗೆ ನೆಲದಿಂದ ಒರಲೆ (ಗೆದ್ದಲು) ಏರುತ್ತದೆ. ಚಳಿ ತಡೆಯಲು ಹುಟ್ಟಿದ ಗೋಡೆ ಅದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಗೋಡೆಗೆ ಕೆಲಸವೇ ಕಡಿಮೆ. ಇಲ್ಲಿ ಗುಡಿಸಲು ಸಾಯುವುದು ಎರಡೇ ಕಡೆಯಿಂದ: ಕಂಬದ ಬುಡ, ಮಾಡಿನ ನೆತ್ತಿ. ಹಳಬರು ಕಂಬ ನಿಲ್ಲಿಸಿ, ದೊಡ್ಡ ಮಾಡು ಹೊದಿಸಿ, ಗೋಡೆಗೆ ಬರೀ ತಟ್ಟಿ ಕಟ್ಟಿದ್ದು ಬಡತನಕ್ಕೆ ಮಾತ್ರ ಅಲ್ಲ.

ಮರದಿಂದಲೇ ಸುರು ಮಾಡೋಣ. ಮೀಸಲು ಅರಣ್ಯದಿಂದ ಒಂದು ಕೋಲನ್ನೂ ತರುವ ಹಾಗಿಲ್ಲ. ಸ್ವಂತ ಪಟ್ಟಾ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸಾಗುವಾನಿ, ಬೀಟೆ, ಹೊನ್ನೆಯಂಥದ್ದಕ್ಕೆ ಅನುಮತಿಯಿಲ್ಲದೆ ಕೊಡಲಿ ಹಾಕಬೇಡಿ. ಸುಲಭದ ದಾರಿ ಎಂದರೆ ಅಕೇಶಿಯ ಅಥವಾ ಗಾಳಿಮರದ ದುಂಡುಮರವನ್ನು ಬಿಲ್ಲು ಸಮೇತ ಖರೀದಿಸುವುದು. ಕಂಬಕ್ಕೆ ಒಳ್ಳೆಯದು ಕಿರಾಲುಬೋಗಿಯ ಹಳೇ ಮರ. ಬಿಚ್ಚಿದ ಹಂಚಿನ ಮನೆಯ ತೊಲೆ, ಪಕ್ಕಾಸು (ನೆತ್ತಿಯಿಂದ ಸೂರಿಗೆ ಇಳಿಯುವ ಮರ) ಸಿಕ್ಕಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ರಬ್ಬರ್ ಮರ ಬಿಟ್ಟಿ ಕೊಟ್ಟರೂ ಬೇಡ. ಅದರಲ್ಲಿ ಪಿಷ್ಟ ಜಾಸ್ತಿ, ಔಷಧಿ ಹೊಡೆಯದ ರಬ್ಬರಿಗೆ ಕಡಿದ ಕೆಲವೇ ವಾರದಲ್ಲಿ ಬೂಸಲು, ಹಿಂದೆಯೇ ಕುಟ್ಟೆ ಹುಳ.

ಇಡೀ ಚೌಕಟ್ಟಿಗೆ ಬೇಕಾದ್ದು ಇಷ್ಟು. ಬದಿಯ ಕಂಬ 6, ಒಂದೊಂದು 8.5 ಅಡಿ, 5ರಿಂದ 6 ಇಂಚು ದಪ್ಪ. ನೆತ್ತಿಯ ಕಂಬ 2, ಒಂದೊಂದು 13.5 ಅಡಿ. ಇವೆಲ್ಲದರಲ್ಲಿ 2.5 ಅಡಿ ನೆಲದೊಳಗೆ ಹೋಗುತ್ತದೆ. ಉದ್ದದ ತೊಲೆ 3, ಎರಡು ಬದಿಗೆ, ಒಂದು ನೆತ್ತಿಗೆ. ತಲಾ 16 ಅಡಿ, 4 ಇಂಚಿಗೆ ಕಡಿಮೆ ಇಲ್ಲದ್ದು. ಅಡ್ಡತೊಲೆ 3, ತಲಾ 11 ಅಡಿ; ನಡುವಿನದ್ದರ ಮೇಲೆ ಕುಳ್ಳ ಕಂಬ 1. ಪಕ್ಕಾಸು 18, ತಲಾ 11.5 ಅಡಿ, ಎರಡೂವರೆಯಿಂದ 3 ಇಂಚು. ಮೂಲೆಗೆ ಓರೆಯಾಗಿ ಕೊಡುವ ಕೈಮರ 8, ತಲಾ 3 ಅಡಿ. ರೀಪಿಗೆ, ಅಂದರೆ ಪಕ್ಕಾಸಿನ ಮೇಲೆ ಅಡ್ಡ ಕಟ್ಟುವ ಪಟ್ಟಿಗೆ, ಹಳೇ ಅಡಿಕೆ ಮರ 4. ಇದೆಲ್ಲ ಸೇರಿದರೂ ಆ 36 ದಿಮ್ಮಿಯ ಅರ್ಧ ಭಾರ ಬರುವುದಿಲ್ಲ, ಇಬ್ಬರೇ ಎತ್ತಿ ನಿಲ್ಲಿಸಬಹುದು.

ಹತ್ಯಾರು: ಕತ್ತಿ, ಕೊಡಲಿ, ಬಾಚಿ, ಗರಗಸ, ಒಂದೂವರೆ ಇಂಚಿನ ಉಳಿ, ಕೊಡತಿ, 1 ಇಂಚಿನ ಬೈರಿಗೆ, ಪಿಕ್ಕಾಸು, ಹಾರೆ, ತೂಗುಗುಂಡು, 50 ಅಡಿ ಹುರಿ. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು. ಅದಕ್ಕಿಂತ ನಂಬಿಕಸ್ಥ ಮಟ್ಟಗೋಲು ಇನ್ನೂ ಬಂದಿಲ್ಲ.

ಮರ ಕಡಿಯುವುದು ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್‌–ಜನವರಿಯಲ್ಲಿ. ಕಡಿದ ದಿನವೇ ತೊಗಟೆ ತೆಗೆಯಿರಿ. ಹಸಿ ಇದ್ದಾಗ ಕತ್ತಿಯ ಬೆನ್ನಿಗೇ ಸುಲಿದು ಬರುತ್ತದೆ. ನಾಲ್ಕು ವಾರ ಬಿಟ್ಟರೆ ಬಾಚಿಯಲ್ಲಿ ಕೆತ್ತಬೇಕು, ಅಷ್ಟರೊಳಗೆ ತೊಗಟೆಯಡಿಯಲ್ಲಿ ಹುಳ ಮನೆ ಮಾಡಿರುತ್ತದೆ. ಸುಲಿದದ್ದನ್ನು ನೆರಳಲ್ಲಿ, ನೆಲ ಮುಟ್ಟದ ಹಾಗೆ ಕಲ್ಲಿನ ಮೇಲೆ ಪೇರಿಸಿ, ಎರಡು ತುದಿಗೂ ಸೆಗಣಿ ಮೆತ್ತಿ. ಮರ ಬೇಗ ಒಣಗುವುದು ತುದಿಯಿಂದ, ಆದ್ದರಿಂದಲೇ ಮೊದಲು ಸೀಳುವುದೂ ತುದಿಯೇ. ಬಿದಿರು ಮತ್ತು ಅಡಿಕೆಯನ್ನು ಮೂರ್ನಾಲ್ಕು ವಾರ ತೋಡಿನಲ್ಲೋ ಕೆರೆಯಲ್ಲೋ ಮುಳುಗಿಸಿ ಇಡಬೇಕು. ಬಿದಿರನ್ನು ಅಮಾವಾಸ್ಯೆಯ ಹತ್ತಿರ ಕಡಿದರೆ ಹುಳ ಹಿಡಿಯದು ಎನ್ನುತ್ತಾರೆ. ಯಾವ ತಿಥಿಯಲ್ಲಿ ಕಡಿದರೂ ನೀರಿಗೆ ಹಾಕದ ಬಿದಿರಿನಿಂದ ಮರುವರ್ಷ ಹಿಟ್ಟು ಉದುರುತ್ತದೆ. ನೀರಿನಲ್ಲಿ ಸಿಹಿ ಅಂಶ ಕರಗಿ ಹೋಗುವುದೇ ಅದರ ಗುಟ್ಟು, ವಾಸನೆ ಮಾತ್ರ ಸಹಿಸಿಕೊಳ್ಳಬೇಕು.

ಜಾಗ ಹೇಗಿರಬೇಕು? ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗಟ್ಟಿ ನೆಲ, ಒಂದು ಬದಿಗೆ ಸ್ವಲ್ಪ ಇಳಿಜಾರು. ತೋಡಿನ ಬದಿ ಬೇಡ, ತೆಂಗಿನ ಮರದ ಅಡಿ ಖಂಡಿತ ಬೇಡ. ಮಳೆಗಾಲದ ಗಾಳಿ ಪಡುವಿನಿಂದ, ನೈಋತ್ಯದಿಂದ ಬರುತ್ತದೆ. ಆದ್ದರಿಂದ ನೆತ್ತಿಯ ತೊಲೆ ಉತ್ತರ–ದಕ್ಷಿಣವಾಗಿ ಇರಲಿ, ಮಾಡಿನ ಇಳಿಜಾರು ಪಡುವಿಗೆ ಬೆನ್ನು ಕೊಡಲಿ. ಬಾಗಿಲು ಉತ್ತರದ ತ್ರಿಕೋನದಡಿ, ನೆತ್ತಿಕಂಬದ ಪಕ್ಕದಲ್ಲಿ. ಪಡುವಿಗೆ ಬಾಗಿಲಿಟ್ಟು ನೋಟ ಚೆನ್ನಾಗಿದೆ ಎನ್ನುವವರು ಮಳೆ ಜೋರಾದ ಆಟಿ ತಿಂಗಳಲ್ಲಿ ಒಳಗೆ ಕೊಡೆ ಹಿಡಿದು ಕೂರಬೇಕು.

ಗುರುತು ಹಾಕುವಾಗ 10 ಮತ್ತು 12 ಅಡಿಯ ಚೌಕ ಎಳೆದು ಕರ್ಣ ಅಳೆಯಿರಿ: ಎರಡೂ 15 ಅಡಿ ಏಳೂವರೆ ಇಂಚು ಬರಬೇಕು. 2 ಇಂಚು ಹೆಚ್ಚುಕಡಿಮೆ ಇದ್ದರೆ ಕೆಳಗೆ ಏನೂ ಕಾಣದು, ರೀಪು ಕಟ್ಟುವಾಗ ಒಂದು ತುದಿ ಪಕ್ಕಾಸನ್ನೇ ಮುಟ್ಟದೆ ನಿಲ್ಲುತ್ತದೆ.

ಗುಂಡಿ ಎರಡೂವರೆ ಅಡಿ ಆಳ, 1 ಅಡಿ ಅಗಲ. ಮುರಕಲ್ಲಿನಲ್ಲಿ ಇದೇ ಅತಿ ಕಷ್ಟದ ಕೆಲಸ, ಒಂದು ಗುಂಡಿಗೆ ಅರ್ಧ ದಿನ ಹಿಡಿದರೂ ಬೇಸರ ಬೇಡ. ಹಿಂದಿನ ರಾತ್ರಿ ನೀರು ತುಂಬಿಸಿಟ್ಟರೆ ಪಿಕ್ಕಾಸು ಸ್ವಲ್ಪ ಮಾತು ಕೇಳುತ್ತದೆ. ಕಂಬದ ಬುಡದ 3 ಅಡಿಯಷ್ಟನ್ನು ಬಾಚಿಯಲ್ಲಿ ಕೆತ್ತಿ ಹೊರಗಿನ ಬಿಳಿ ಭಾಗ ಪೂರ್ತಿ ತೆಗೆಯಬೇಕು. ಒರಲೆಗೆ ಆ ಬಿಳಿ ಭಾಗ ಎಂದರೆ ಸಜ್ಜಿಗೆ, ಒಳಗಿನ ಕಪ್ಪು ತಿರುಳು ಅಷ್ಟು ರುಚಿಸದು. ಆಮೇಲೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಗೇರುಬೀಜದ ಕಾರ್ಖಾನೆಗಳ ಊರಾದ ಮಂಗಳೂರಿನಲ್ಲಿ ಅದು ಸಿಗದ ವಸ್ತು ಅಲ್ಲ, ದೋಣಿಯ ಹಲಗೆಗೆ ಬಳಿಯುತ್ತಿದ್ದದ್ದೂ ಇದೇ. ಒಣಗಿದ ಮರಕ್ಕೆ ಬಿಸಿಲಿನಲ್ಲಿ ಮೂರು ಕೈ, ಒಂದೊಂದರ ನಡುವೆ ನಾಲ್ಕೈದು ದಿನ ಬಿಟ್ಟು ಬಳಿಯಿರಿ. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ, ಕೈಗವಸು ಕಡ್ಡಾಯ. ಒಲೆಯ ಮೇಲೆ ಕಾಯಿಸುವ ಉಮೇದು ಬೇಡ, ಅದರ ಹೊಗೆ ಕಣ್ಣು, ಗಂಟಲು ಎರಡನ್ನೂ ಹಿಡಿಯುತ್ತದೆ. ಬುಡವನ್ನು ಬೆಂಕಿಯಲ್ಲಿ ಕರಿ ಮಾಡುವ ಕ್ರಮವೂ ಇದೆ. ಆದರೆ ಕರಿಯಾದ ಪದರ ಬಿರಿದರೆ ಆ ಬಿರುಕೇ ನೀರಿಗೂ ಒರಲೆಗೂ ಬಾಗಿಲು. ಹಸಿ ಮರಕ್ಕೆ ಎರಡೂ ದಂಡ.

ಗುಂಡಿಗೆ ಸಿಮೆಂಟು ಹಾಕಬೇಡಿ. ಮರ ಒಣಗಿ ಕುಗ್ಗಿದಾಗ ಸುತ್ತ ಸಂದು ಬೀಳುತ್ತದೆ, ಕಾಂಕ್ರೀಟು ಲೋಟವಾಗುತ್ತದೆ, ಕಂಬ ಆ ಲೋಟದ ನೀರಿನಲ್ಲಿ ನಾಲ್ಕು ತಿಂಗಳು ನಿಂತಿರುತ್ತದೆ. ಅಡಿಗೆ 4 ಇಂಚು ಜಲ್ಲಿ, ಕಂಬ ಇಳಿಸಿ, ಸುತ್ತ ಮುರಕಲ್ಲಿನ ಚೂರು ಮತ್ತು ಮಣ್ಣನ್ನು 6 ಇಂಚಿಗೊಮ್ಮೆ ಹಾಕಿ ಮರದ ಗುದ್ದಿಯಿಂದ ಗಟ್ಟಿ ಮಾಡಿ. ಮೇಲೆ ಕಂಬದಿಂದ ಹೊರಕ್ಕೆ ಇಳಿಯುವ ಹಾಗೆ ಮಣ್ಣಿನ ದಿಬ್ಬ. ದಪ್ಪ ತುದಿ ಕೆಳಗೆ. ಎಲ್ಲಾ ಕಂಬಗಳನ್ನು ಮೊದಲೇ ಒಂದೇ ಅಳತೆಗೆ ಕಡಿದಿಟ್ಟುಕೊಳ್ಳುವುದು ಹೊಸಬರ ತಪ್ಪು. ಮುರಕಲ್ಲಿನ ಗುಂಡಿ ಎರಡು ಒಂದೇ ಆಳ ಬಂದ ಚರಿತ್ರೆ ಇಲ್ಲ. 3 ಇಂಚು ಹೆಚ್ಚು ಬಿಟ್ಟು ನಿಲ್ಲಿಸಿ, ನೀರಿನ ಪೈಪಿನಿಂದ ಮಟ್ಟ ಗುರುತಿಸಿ, ಆಮೇಲೆ ತಲೆ ಕತ್ತರಿಸಿ.

ಕಂಬದ ತಲೆಯಲ್ಲಿ ತೊಲೆ ಕೂರಲು ಬಟ್ಟಲಿನ ಹಾಗೆ ಕಚ್ಚು. ಗರಗಸದಿಂದ ಎರಡೂ ಬದಿ ಕೊಯ್ದು ನಡುವಿನದ್ದನ್ನು ಉಳಿಯಲ್ಲಿ ತೆಗೆದು, ತೊಲೆಯನ್ನು ಇಟ್ಟು ನೋಡಿ, ತಾಗುವಲ್ಲಿ ಮತ್ತೆ ಕೆತ್ತಬೇಕು. ಆಳ ಒಂದೂವರೆ ಇಂಚು ಸಾಕು. ಬೈರಿಗೆಯಿಂದ ತೊಲೆಯ ಮೂಲಕ ಕಂಬಕ್ಕೆ 5 ಇಂಚು ತೂತು ಕೊರೆದು, ಒಣಗಿದ ಮರದ ಗೂಟ ಹೊಡೆಯಿರಿ. ಗೂಟ ಒಣಗಿರಬೇಕು, ಕಂಬ ಸ್ವಲ್ಪ ಹಸಿ ಇದ್ದರೂ ಸರಿ: ಕಂಬ ಕುಗ್ಗಿ ಗೂಟವನ್ನು ಹಿಡಿದುಕೊಳ್ಳುತ್ತದೆ. ತಿರುಗಾಮುರುಗಾ ಆದರೆ ಮೂರೇ ತಿಂಗಳಲ್ಲಿ ಗೂಟ ಕೈಯಲ್ಲಿ ಬರುತ್ತದೆ. ಬದಿಯ ತೊಲೆಗಳ ಮೇಲೆ ಮೂರು ಅಡ್ಡತೊಲೆ: ಎರಡು ತುದಿಗೆ, ಒಂದು ನಡುವೆ. ನಡುವಿನದ್ದರ ಮೇಲೆ ನೆತ್ತಿಗೆ ಆಧಾರವಾಗಿ ಒಂದು ಕುಳ್ಳ ಕಂಬ. ಕೈಮರಗಳು ಮೂಲೆಯಿಂದ 2 ಅಡಿ ಕೆಳಗೆ, 2 ಅಡಿ ಒಳಗೆ. ಇವು ಇಲ್ಲದ ಚೌಕಟ್ಟು ಬೇಸಗೆಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಮೊದಲ ಪಡುಗಾಳಿಗೆ ಇಡೀ ಮಾಡು ಮೂಡಕ್ಕೆ ವಾಲಿದಾಗ ನೆನಪಾಗುತ್ತದೆ.

ಮಾಡಿನ ಇಳಿಜಾರು 45 ಡಿಗ್ರಿಗಿಂತ ಕಡಿಮೆ ಬೇಡ. ಅಂದರೆ ಬದಿಯ ತೊಲೆ 6 ಅಡಿಯಲ್ಲಿದ್ದರೆ ನೆತ್ತಿ 11 ಅಡಿಯಲ್ಲಿ. ಹುಲ್ಲಿನ ಮಾಡಿನಲ್ಲಿ ನೀರು ಕಡ್ಡಿಯಿಂದ ಕಡ್ಡಿಗೆ ಜಾರಿ ಹೋಗುತ್ತದೆ, ಮೇಲಿನ ಒಂದೆರಡು ಇಂಚು ಮಾತ್ರ ನೆನೆಯುತ್ತದೆ. ಇಳಿಜಾರು ಚಪ್ಪಟೆಯಾದರೆ ನೀರು ನಿಧಾನವಾಗಿ ಒಳಗೆ ಇಳಿದು ಎರಡು ಮಳೆಯ ನಡುವೆ ಒಣಗಲು ಸಮಯ ಸಿಗದೆ ಗೊಬ್ಬರವಾಗುತ್ತದೆ. ಸೂರು ಕಂಬದಿಂದ ಎರಡೂವರೆ ಅಡಿ ಹೊರಗೆ ಬರಲಿ. ಆಗ ಅದು ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ ನಿಲ್ಲುತ್ತದೆ. ತಗ್ಗಾಯಿತು ಎನಿಸಬಹುದು, ಆದರೆ ಕಂಬದ ಬುಡಕ್ಕೆ ಅದೇ ಕೊಡೆ. ಪಕ್ಕಾಸುಗಳನ್ನು 2 ಅಡಿಗೊಂದು ಜೋಡಿಯಂತೆ ಇಟ್ಟರೆ 16 ಅಡಿಗೆ 9 ಜೋಡಿ. ತೊಲೆಯ ಮೇಲೆ ಕೂರುವಲ್ಲಿ ಪಕ್ಕಾಸಿನ ದಪ್ಪದ ಕಾಲು ಭಾಗಕ್ಕಿಂತ ಹೆಚ್ಚು ಕಚ್ಚು ಹಾಕಬೇಡಿ. ಅಡಿಕೆ ಮರವನ್ನೇ ಪಕ್ಕಾಸು ಮಾಡುವುದಾದರೆ ಕಚ್ಚು ಹಾಕಲೇಬಾರದು. ಅದರ ಶಕ್ತಿ ಎಲ್ಲ ಹೊರಗಿನ ಒಂದು ಇಂಚಿನಲ್ಲಿ, ಅದನ್ನು ಕಡಿದರೆ ಉಳಿಯುವುದು ನಾರು.

ರೀಪಿಗೆ ಅಡಿಕೆಗಿಂತ ಒಳ್ಳೆಯದಿಲ್ಲ. 16 ಅಡಿಯ ತುಂಡನ್ನು ಕತ್ತಿ ಮತ್ತು ಮರದ ಬೆಣೆಯಿಂದ ಮೊದಲು ಎರಡು, ಆಮೇಲೆ ಮೂರು ಮೂರು ಸೀಳಾಗಿ ಮಾಡಿ, ಒಳಗಿನ ಮೆತ್ತನೆಯ ಭಾಗ ಕೆತ್ತಿ ತೆಗೆಯಿರಿ. ಒಂದು ಮರದಲ್ಲಿ ಇಂಥ ಎರಡು ತುಂಡು ಸಿಕ್ಕಿದರೆ 12 ರೀಪು. 9 ಇಂಚಿಗೊಂದರಂತೆ ಒಂದು ಬದಿಗೆ 15, ಎರಡೂ ಬದಿಗೆ 30; ನಾಲ್ಕನೆಯ ಮರ ಸೀಳುವಾಗ ಹಾಳಾಗುವ ಲೆಕ್ಕಕ್ಕೆ. ಅಡಿಕೆಯ ಸಿಬಿರು ಉಗುರಿನಡಿ ಹೋದರೆ ಸೂಜಿಗೂ ಸಿಗುವುದಿಲ್ಲ, ಜಾಗ್ರತೆ.

ಕಟ್ಟಲು ತೆಂಗಿನ ನಾರಿನ ಹುರಿ. ಒಂದು ಗಂಟೆ ನೀರಿನಲ್ಲಿ ನೆನೆಸಿದರೆ ಮೆತ್ತಗಾಗಿ ಗಂಟು ಕೂರುತ್ತದೆ. ಕಬ್ಬಿಣದ ಸರಿಗೆ ಕಡಲಿನ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಬಿದಿರನ್ನೂ ಕೊಯ್ಯುತ್ತದೆ. ನೈಲಾನು ಜಾರುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ.

ಇನ್ನು ಹೊದಿಕೆ. ಹೆಣೆದ ಮಡಲು (ತೆಂಗಿನ ಗರಿ) ಅಗ್ಗ, ಒಂದು ಮಳೆಗಾಲಕ್ಕೆ ಸರಿ. ಮುಳಿಹುಲ್ಲು ಸರಿಯಾಗಿ ಹೊದಿಸಿದರೆ ಎರಡು ಮೂರು ವರ್ಷ. ಈ ಅಳತೆಯ ಮಾಡು ಸುಮಾರು 340 ಚದರಡಿ. 7 ಇಂಚು ದಪ್ಪ ಹೊದಿಸಲು, ಸುತ್ತಳತೆ 3 ಅಡಿ ಮತ್ತು ಉದ್ದ 4 ಅಡಿ ಇರುವ ಬಿಗಿಯಾದ ಕಟ್ಟು 70 ಬೇಕು. ಹುಲ್ಲನ್ನು ಜನವರಿಯ ಹೊತ್ತಿಗೆ ಪೂರ್ತಿ ಒಣಗಿದ ಮೇಲೆ ಕೊಯ್ದು, ಕೊಡವಿ, ಸಡಿಲ ಎಲೆ ತೆಗೆಯಬೇಕು. ಎಲೆ ನೀರು ಹಿಡಿಯುತ್ತದೆ, ಕಡ್ಡಿ ಜಾರಿಸುತ್ತದೆ.

ಸೂರಿನಿಂದ ಮೇಲಕ್ಕೆ ಹೋಗಬೇಕು. ಮೊದಲ ಸಾಲು ಇಮ್ಮಡಿ ದಪ್ಪ, ಕೊನೆಯ ರೀಪಿನಿಂದ 4 ಇಂಚು ಹೊರಗೆ ಚಾಚಿರಲಿ. ಬುಡ ಕೆಳಗೆ, ತುದಿ ಮೇಲೆ. ಹುಲ್ಲಿನ ಮೇಲೆ ಬಿದಿರಿನ ಸೀಳನ್ನು ಒತ್ತಿ ಇಟ್ಟು, 2 ಅಡಿಯ ಬಿದಿರು ಸೂಜಿಯಿಂದ ಹುರಿಯನ್ನು ಒಳಕ್ಕೆ ತೂರಿಸಿ, ಒಳಗಿರುವವರು ರೀಪಿನ ಅಡಿಯಿಂದ ಸುತ್ತಿ ವಾಪಸು ಕೊಡಬೇಕು. ಅಡಿಗೊಂದು ಹೊಲಿಗೆ. ಮುಂದಿನ ಸಾಲು ಈ ಸೀಳನ್ನೂ ಹುರಿಯನ್ನೂ ಪೂರ್ತಿ ಮುಚ್ಚಲೇಬೇಕು. ಸೋರುವ ಮಾಡುಗಳಲ್ಲಿ ಹೆಚ್ಚಿನವು ಸೋರುವುದು ಇಲ್ಲೇ: ಹೊರಗೆ ಕಾಣುವ ಹುರಿಯನ್ನೇ ಹಿಡಿದುಕೊಂಡು ನೀರು ಒಳಗಿಳಿಯುತ್ತದೆ. ಬಿಗಿ ಸಾಕೋ ಎಂದು ನೋಡಲು ಬೆರಳು ತೂರಿಸಿ. ಎರಡನೆಯ ಗೆಣ್ಣಿನವರೆಗೆ ಸಲೀಸಾಗಿ ಹೋದರೆ ಬಿಚ್ಚಿ ಮತ್ತೆ ಕಟ್ಟಿ. ಹುಲ್ಲಿನಡಿಯಲ್ಲಿ ಟಾರ್ಪಾಲು ಹಾಸುವವರಿದ್ದಾರೆ, ಆಗ ಹುಲ್ಲಿಗೆ ಕೆಳಗಿನಿಂದ ಗಾಳಿಯಿಲ್ಲದೆ ಅದು ಒಂದೇ ಮಳೆಗಾಲದಲ್ಲಿ ಕೊಳೆಯುತ್ತದೆ. ಟಾರ್ಪಾಲೇ ಸಾಕೆಂದಾದರೆ ಹುಲ್ಲಿನ ಖರ್ಚು ಯಾಕೆ?

ನೆತ್ತಿಗೆ ಎರಡೂ ಬದಿಯ ಹುಲ್ಲು ಬಂದು ಸೇರಿದ ಮೇಲೆ, ಅದರ ಮೇಲೆ 6 ಇಂಚು ದಪ್ಪದ ಹುಲ್ಲನ್ನು ಅಡ್ಡ ಮಡಚಿ ಹಾಕಿ, ಮೇಲಿನಿಂದ ಅಡಿಕೆ ಹಾಳೆಗಳನ್ನು ಒಂದರ ಮೇಲೊಂದು ಅರ್ಧ ಬರುವ ಹಾಗೆ ಕವುಚಿ ಇಡಿ.  ಉತ್ತರದಿಂದ ಸುರು ಮಾಡಿ ದಕ್ಷಿಣಕ್ಕೆ ಮುಗಿಸಿ, ಆಗ ನೈಋತ್ಯದ ಗಾಳಿ ಹಾಳೆಯ ಅಡಿಗೆ ಹೋಗದು. ಹಾಳೆಯ ಮೇಲೆ ಕತ್ತರಿಯಾಕಾರದಲ್ಲಿ ಕೋಲು ಕಟ್ಟಿ ಹೇರಿ.

ತಟ್ಟಿ ಕಟ್ಟುವುದು ಒಂದು ದಿನದ ಕೆಲಸ. ಬಿದಿರಿನದ್ದೋ ಮಡಲಿನದ್ದೋ, ಕೆಳಗೆ 4 ಇಂಚು ಬಿಟ್ಟು ಕಟ್ಟಿ. ನೆಲವನ್ನು ಮುರಕಲ್ಲಿನ ಅಂಚು ಕೊಟ್ಟು 9 ಇಂಚು ಎತ್ತರಿಸಿ, ಮಣ್ಣು ಬಡಿದು ಸೆಗಣಿ ಸಾರಿಸಿ. ಸೂರಿನ ನೀರು ಬೀಳುವ ಗೆರೆಯಲ್ಲೇ 9 ಇಂಚು ಅಗಲದ ಕಣಿ ತೆಗೆದು ಇಳಿಜಾರಿಗೆ ಬಿಡಿ. ಒಳಗೆ ಒಲೆ ಹಚ್ಚಬೇಡಿ. ಹೊಗೆ ಹುಲ್ಲಿನ ಹುಳ ಓಡಿಸುತ್ತದೆ ನಿಜ, ಆದರೆ ಏಪ್ರಿಲಿನ ಮುಳಿಹುಲ್ಲಿಗೆ ಒಂದು ಕಿಡಿ ಸಾಕು.

ಮೇ 24ರ ಆಸುಪಾಸಿನ ಪತ್ತನಾಜೆಗೆ ಮೊದಲು ನೆತ್ತಿ ಮುಗಿದಿರಬೇಕು. ಮೊದಲ ಜೋರು ಮಳೆ ಬಂದು ಬಿಟ್ಟ ಮೇಲೆ ಒಳಗೆ ಹೋಗಿ ಬೆಳಕು ಕಾಣುವ ಕಡೆಗಳಿಗೆ ಹುಲ್ಲು ತುರುಕಿ, ಸೂರಿನ ಕಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಮಳೆ ನಿಂತ ಮೇಲೆ ಹದಿನೈದು ದಿನಕ್ಕೊಮ್ಮೆ ಕಂಬದ ಬುಡ ನೋಡಿ, ಒರಲೆಯ ಮಣ್ಣಿನ ಕೊಳವೆ ಕಂಡರೆ ಕತ್ತಿಯ ಬೆನ್ನಿನಿಂದ ಕೆರೆದು ಗೇರೆಣ್ಣೆ ಮುಟ್ಟಿಸಿ. ಹಾಳೆ ಪ್ರತಿ ವರ್ಷ ಹೊಸದು. ಹಳೇ ಹುಲ್ಲಿಗೆ ಕೈ ಹಾಕುವ ಮೊದಲು ಕೋಲಿನಿಂದ ನಾಲ್ಕು ಬಾರಿಸಿ. ಹುಲ್ಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.