ಮಸಿಬಟ್ಟೆ ಹಿಡಿದುಕೊಟ್ಟ ಕಳ್ಳ: ಕನೂ ವಾರ್ನಿಶ್ ಕೊನೆಗೂ ಒಣಗಿತು

ಒಣಗಿತು. ಬೆರಳಿಟ್ಟರೆ ಅಂಟುತ್ತಿಲ್ಲ. ಉಗುರು ಎಳೆದರೆ ಗೆರೆ ಬೀಳುತ್ತಿಲ್ಲ. ಆಷಾಢದಲ್ಲಿ ಬಳಿದ ವಾರ್ನಿಶ್ ಶ್ರಾವಣ ಮುಗಿಯುವ ಹೊತ್ತಿಗೆ ಒಣಗಿದೆ. ಒಣಗಿದ್ದು ಅದೇ ವಾರ್ನಿಶ್ ಅಲ್ಲ, ಅದನ್ನೆಲ್ಲ ಕೆರೆದು ಬಿಸಾಕಿ ಮತ್ತೆ ಬಳಿದದ್ದು. ಆದರೂ ಖುಷಿ ಖುಷಿಯೇ ಅಲ್ವಾ?

ಹದಿನಾರು ಅಡಿಯ ಕನೂ, ಅಂದರೆ ಹುಟ್ಟು ಹಾಕುವ ಉದ್ದನೆಯ ಕಿರಿದಾದ ದೋಣಿ. ಪ್ಲೈವುಡ್ ಹೊಲಿದು ಎಪಾಕ್ಸಿಯಲ್ಲಿ (ರೆಸಿನ್, ಹಾರ್ಡನರ್ ಎರಡನ್ನೂ ಬೆರೆಸಿದರೆ ಗಟ್ಟಿಯಾಗುವ ಅಂಟು) ಅಂಟಿಸಿದ್ದು. ಸ್ಕಾರ್ಫ್ ಜಾಯಿಂಟ್ (ಹಲಗೆಗಳ ಓರೆ ಜೋಡಣೆ), ಹೊಲಿಯುವ ತಾಮ್ರದ ತಂತಿ, ಫಿಲೆಟ್ (ಸಂದಿಗೆ ತುಂಬುವ ಎಪಾಕ್ಸಿ ಗಾರೆ), ಗ್ಲಾಸ್ ಬಟ್ಟೆ (ಗಾಜಿನ ನಾರಿನದು) ಇವೆಲ್ಲ ಹೇಗೆ ಅಂತ ನಿಮಗೆ ಹೇಳಬೇಕಿಲ್ಲ. ಅದೆಲ್ಲ ಸುಸೂತ್ರವಾಗಿಯೇ ಆಯಿತು. ಪ್ಲೈವುಡ್ ಬಗ್ಗೆ ಮಾತ್ರ ಒಂದು ಗೊಣಗಾಟ ಇದೆ. ಐಎಸ್ 710 ಅಂತ ಮುದ್ರೆ ಇರುವ ಮರೀನ್ ಪ್ಲೈ ತಂದೆ. ಆ ಮುದ್ರೆ ಇದ್ದರೆ ಅಂಟು 72 ಗಂಟೆ ಕುದಿಯುವ ನೀರಿನಲ್ಲಿ ತಡೆಯಬೇಕು. ತುಂಡೊಂದನ್ನು ಹಳೇ ಪಾತ್ರೆಯಲ್ಲಿ ಹಾಕಿ ಆದಷ್ಟು ಹೊತ್ತು ಕುದಿಸಿದೆ, ಅಂಟು ಜಪ್ಪಯ್ಯ ಅನ್ನಲಿಲ್ಲ. ಆದರೆ ಗರಗಸ ಇಟ್ಟಾಗ ನಡುವಿನ ಪದರದಲ್ಲಿ ಪೆನ್ಸಿಲ್ ತೂರುವಷ್ಟು ಪೊಳ್ಳು! ಅಂಗಡಿಯವರನ್ನು ಕೇಳಿದರೆ, "ಸಾರ್, ಅಡುಗೆಮನೆ ಕಪಾಟಿಗೆ ಹಾಕಿದರೆ ಯಾರಿಗೆ ಕಾಣುತ್ತೆ?" ಅಂದರು. ದೋಣಿಗೆ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಎಪಾಕ್ಸಿ ಅಂಗಡಿಯ ಕತೆ ಇನ್ನೊಂದು. ಈಗ ಊರಿಗೆಲ್ಲ ರಿವರ್ ಟೇಬಲ್ ಹುಚ್ಚು ಹಿಡಿದಿದೆ. ಎರಡು ಹಲಗೆ ಇಟ್ಟು ನಡುವೆ ನೀಲಿ ರೆಸಿನ್ ಸುರಿದು ನದಿ ಅನ್ನುತ್ತಾರೆ. ಯಾವ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ, "ಟೇಬಲ್ಲಿಗಾ ಸಾರ್? ಯಾವ ಬಣ್ಣ?" ಟೇಬಲ್ಲಿಗೆ ದಪ್ಪಗೆ ಸುರಿಯುವ ರೆಸಿನ್ ಬೇರೆ, ಗ್ಲಾಸ್ ಬಟ್ಟೆ ನೆನೆಸುವ ತೆಳು ರೆಸಿನ್ ಬೇರೆ. ಇದನ್ನು ವಿವರಿಸುವಷ್ಟರಲ್ಲಿ ಸಾಕಾಗುತ್ತದೆ. ಮನೆಯೊಳಗೆ ನದಿ ತರುವವರಿಗೆ ಮಾಲು ರೆಡಿ ಇದೆ, ನದಿಗೆ ಹೋಗುವವರಿಗೆ ಆರ್ಡರ್ ಕೊಟ್ಟು ಕಾಯಬೇಕು.

ಇನ್ನು ನನ್ನ ನಿದ್ದೆ ಕೆಡಿಸಿದ ವಿಷಯ.

ಎಪಾಕ್ಸಿ ಬಿಸಿಲು ತಡೆಯುವುದಿಲ್ಲ. ಹಳದಿಯಾಗಿ, ಆಮೇಲೆ ಸುಣ್ಣದಂತೆ ಪುಡಿ ಉದುರುತ್ತದೆ. ಹಾಗಾಗಿ ಮೇಲೆ ಬಿಸಿಲಿನ ಯುವಿ (ನೇರಳಾತೀತ) ಕಿರಣ ತಡೆಯುವ ವಾರ್ನಿಶ್ ಬೇಕೇ ಬೇಕು. ಒಂದು ಸಂಜೆ ಇಡೀ ಹೊರಮೈಗೆ ಮೊದಲ ಕೋಟ್ ಬಳಿದೆ. ಬೆಳಿಗ್ಗೆ ನೋಡಿದರೆ ಮುಂಭಾಗ ಗಟ್ಟಿ, ಗಾಜಿನ ಹಾಗೆ. ಹಿಂಭಾಗ ಜಿಗುಟು. ಮಳೆಗಾಲ, ಒಂದು ದಿನ ಜಾಸ್ತಿ ಹಿಡಿಯುತ್ತೆ ಅಂದುಕೊಂಡೆ. ವಾರ ಕಳೆದರೂ ಹಿಂಭಾಗ ಹಾಗೇ ಇತ್ತು. ಸೊಳ್ಳೆಗಳು ಅಂಟಿಕೊಂಡು ಸಾಯತೊಡಗಿದವು. ಡೆಂಗಿ ಕಾಲದಲ್ಲಿ ಅದೊಂದು ಲಾಭ, ಆದರೆ ಅದಕ್ಕೆ ಅಂತ ಕನೂ ಕಟ್ಟಲಿಲ್ಲವಲ್ಲ.

ವಾರ್ನಿಶ್ ಮಾರಿದವರು ಹೇಳಿದ್ದು, "ರೆಸಿನ್ ಸರಿ ಇಲ್ಲ." ರೆಸಿನ್ ಮಾರಿದವರು ಹೇಳಿದ್ದು, "ವಾರ್ನಿಶ್ ಹಳೇದು." ಇಬ್ಬರೂ ಹೊಸ ಡಬ್ಬಿ ತಗೊಳ್ಳಿ ಅಂದರು. ಆದರೆ ಡಬ್ಬಿ ಒಂದೇ, ಬ್ರಶ್ ಒಂದೇ, ಬಳಿದ ಸಂಜೆ ಒಂದೇ. ವಾರ್ನಿಶ್ ಹಳೆಯದಾಗಿದ್ದರೆ ಮುಂಭಾಗ ಹೇಗೆ ಒಣಗಿತು? ರೆಸಿನ್ ಕೂಡ ಒಂದೇ ಕ್ಯಾನಿನದು. ಅಳತೆಯನ್ನು ತಕ್ಕಡಿಯಲ್ಲೇ ಮಾಡುತ್ತೇನೆ, ಪ್ರತಿ ಕಪ್ಪಿನ ತಳದಲ್ಲಿ ಉಳಿದ ತುಣುಕನ್ನು ದಿನಾಂಕ ಬರೆದು ಇಟ್ಟಿರುತ್ತೇನೆ. ಎಲ್ಲವೂ ಕಲ್ಲಿನಂತೆ ಗಟ್ಟಿ. ಅಂದರೆ ಎಪಾಕ್ಸಿ ಹದವಾಗಿಯೇ ಕೂಡಿದೆ. ಆದರೂ ಅದರ ಮೇಲ್ಮೈಯಲ್ಲಿ ಏನೋ ಕೂತಿದೆ.

ಜಿಗುಟು ವಾರ್ನಿಶ್ಶನ್ನು ಕೆರೆದು, ತಿನ್ನರಿನಲ್ಲಿ ಒರೆಸಿ, ಸ್ಯಾಂಡ್‌ಪೇಪರ್ ಉಜ್ಜಿ ಮತ್ತೆ ಬಳಿದೆ. ಮತ್ತೆ ಜಿಗುಟು. ಅದೂ ಅದೇ ಜಾಗದಲ್ಲಿ, ಅದೇ ಗಡಿಯಲ್ಲಿ.

ಸುಳಿವು ಸಿಕ್ಕಿದ್ದು ಅಡುಗೆಮನೆಯ ಮಸಿಬಟ್ಟೆಯಿಂದ. ಒರೆಸುವ ಬಟ್ಟೆ ಮುಗಿದಿತ್ತು, ಮನೆಯವರ ಕಣ್ಣು ತಪ್ಪಿಸಿ ಒಂದು ಮಸಿಬಟ್ಟೆ ಕೆಳಗೆ ತಂದಿದ್ದೆ. ಅದರ ತುಂಬ ಅರಿಶಿನದ ಕಲೆ. ಮತ್ತೆ ಕೆರೆದು ಬರಿ ಎಪಾಕ್ಸಿ ಕಾಣುತ್ತಿದ್ದ ಹಿಂಭಾಗವನ್ನು ಒದ್ದೆ ಮಾಡಿ ಅದರಲ್ಲಿ ಒರೆಸಿದೆ. ಕೆಳಗಡೆ ತುಳಸಿಗೆ ನೀರು ಹಾಕಲು ಬಂದಿದ್ದ ಓನರ್ ಮನೆಯ ಅಜ್ಜಿ ಬಟ್ಟೆ ನೋಡಿ, "ಏನಪ್ಪಾ, ಸುಣ್ಣ ಒರೆಸಿದ್ಯಾ? ಓಕುಳಿ ಆಗಿದೆಯಲ್ಲ" ಅಂದರು.

ನೋಡಿದರೆ ಹೌದು! ಹಳದಿ ಕಲೆಗಳು ಕೆಂಪಗಾಗಿದ್ದವು. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಕೆಂಪು. ಸುಣ್ಣ ಕ್ಷಾರ, ಅದಕ್ಕೇ ಕೆಂಪು. ಸಾಂಬಾರ್ ಚೆಲ್ಲಿದ ಶರ್ಟಿಗೆ ಸೋಪು ಹಚ್ಚಿದಾಗ ಆಗುವುದೂ ಇದೇ. ಹಾಗಾದರೆ ನನ್ನ ದೋಣಿಯ ಮೇಲೆ ಕ್ಷಾರ ಎಲ್ಲಿಂದ ಬಂತು?

ಹಾರ್ಡನರಿನಿಂದ. ಹಾರ್ಡನರ್ ಅಂದರೆ ಅಮೀನ್, ಅದು ಕ್ಷಾರ. ಗಟ್ಟಿಯಾಗುವ ಹೊತ್ತಿನಲ್ಲಿ ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ, ಮೇಲ್ಮೈಯಲ್ಲಿರುವ ಅಮೀನ್ ರೆಸಿನ್ನನ್ನು ಬಿಟ್ಟು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಜೊತೆ ಕೂಡಿಬಿಡುತ್ತದೆ. ಆಗ ಮೇಣದಂಥ ತೆಳು ಪದರ ಏಳುತ್ತದೆ. ಅಮೀನ್ ಬ್ಲಶ್ ಅನ್ನುವುದು ಇದಕ್ಕೇ. ಹೆಸರು ನೀವೆಲ್ಲ ಕೇಳಿರುತ್ತೀರಿ, ನಾನೂ ಕೇಳಿದ್ದೆ. ಕೈಗೆ ಜಿಡ್ಡಾಗಿ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನದು ಕೈಗೆ ಸಿಗುವಷ್ಟು ದಪ್ಪ ಇರಲೇ ಇಲ್ಲ. ಏನನ್ನೂ ಬೆರೆಸದೆ ಡಬ್ಬಿಯಿಂದ ನೇರ ಬಳಿಯುವ ಇಂಥ ವಾರ್ನಿಶ್ ಒಣಗಲು ಗಾಳಿಯ ಆಮ್ಲಜನಕ ಬೇಕು, ಅದಕ್ಕೆ ನೆರವಾಗಲು ಕೋಬಾಲ್ಟಿನಂಥ ಲೋಹದ ಡ್ರೈಯರ್ ಸೇರಿಸಿರುತ್ತಾರೆ. ಅಮೀನ್ ಆ ಡ್ರೈಯರನ್ನು ಕೆಡಿಸುತ್ತದೆ. ವಾರ್ನಿಶ್ ಜಿಗುಟಾಗಿಯೇ ಉಳಿಯುತ್ತದೆ.

ತಿನ್ನರ್ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದೂ ಈಗ ಗೊತ್ತಾಯಿತು. ಬ್ಲಶ್ ಕರಗುವುದು ನೀರಿನಲ್ಲಿ, ತಿನ್ನರಿನಲ್ಲಲ್ಲ. ತೊಳೆಯದೆ ಸ್ಯಾಂಡ್‌ಪೇಪರ್ ಉಜ್ಜಿದರೆ ಅದು ಹೋಗುವ ಬದಲು ಎಲ್ಲ ಕಡೆ ಸವರಿಕೊಳ್ಳುತ್ತದೆ.

ಆದರೆ ಹಿಂಭಾಗ ಮಾತ್ರ ಯಾಕೆ?

ಕೆಲಸ ನಡೆಯುವುದು ಬನಶಂಕರಿಯ ನಮ್ಮ ಮನೆಯ ಕೆಳಗಿನ ಕಾರ್ ಪಾರ್ಕಿಂಗಿನಲ್ಲಿ. ಕಾರು ರಸ್ತೆಯಲ್ಲಿ ನಿಲ್ಲುತ್ತದೆ, ಕನೂ ಒಳಗೆ ಮಲಗುತ್ತದೆ. ಮುಂಭಾಗ ಗೇಟಿನ ಕಡೆ, ಗಾಳಿ ಆಡುತ್ತದೆ. ಹಿಂಭಾಗ ಗೋಡೆಯ ಮೂಲೆ, ಅಲ್ಲೇ ಸಂಪು. ಮಳೆಗಾಲದಲ್ಲಿ ಬೆಂಗಳೂರಿನ ರಾತ್ರಿ ಸುಮಾರು 20 ಡಿಗ್ರಿ. ಇಬ್ಬನಿ ಕಟ್ಟುವ ಉಷ್ಣತೆಯೂ ಅದಕ್ಕೆ ಹತ್ತಿರದಲ್ಲೇ ಇರುತ್ತದೆ. ಬಳಿಯುವ ಮೇಲ್ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಅನ್ನುವುದು ಪೇಂಟ್ ಕೆಲಸದವರ ನಿಯಮ. ನಮ್ಮ ಮಳೆಗಾಲದ ರಾತ್ರಿಯಲ್ಲಿ ಆ 3 ಡಿಗ್ರಿ ಎಲ್ಲಿಂದ ತರೋಣ?

ಆ 3 ಡಿಗ್ರಿ ತರುವುದಕ್ಕೇ ಅಂಗಡಿಯವರೊಬ್ಬರು ಉಪಾಯ ಹೇಳಿದ್ದರು. "ಚಳಿಗೆ ಕೂಡ್ತಿಲ್ವಾ? ಪಕ್ಕದಲ್ಲಿ ಗ್ಯಾಸ್ ಒಲೆ ಹಚ್ಚಿ ಬಿಡಿ ಸಾರ್, ಬೆಳಿಗ್ಗೆ ಕಲ್ಲಾಗಿರುತ್ತೆ." ಎಪಾಕ್ಸಿ ಬಳಿದ ರಾತ್ರಿ ತಿನ್ನರ್ ಡಬ್ಬಿಗಳನ್ನೆಲ್ಲ ಮಹಡಿಗೆ ಸಾಗಿಸಿ, ಮೂಲೆಯಲ್ಲಿ ಸಣ್ಣ ಉರಿ ಇಟ್ಟು, ಕಾವಲು ಕೂತಿದ್ದೆ. ಉಷ್ಣತೆ ಏರಿತು ನಿಜ. ಆದರೆ ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕೆಜಿ ನೀರಿನ ಆವಿ ಬರುತ್ತದೆ, ಜೊತೆಗೆ ಸುಮಾರು ಮೂರು ಕೆಜಿ ಇಂಗಾಲದ ಡೈಆಕ್ಸೈಡ್. ಬ್ಲಶ್ ಆಗಲು ಬೇಕಾದ ಎರಡೂ ಸಾಮಾನನ್ನು ಒಲೆಯೇ ಸರಬರಾಜು ಮಾಡಿತ್ತು! ಜಿಗುಟು ಜಾಗದ ಗಡಿ ಒಲೆ ಇದ್ದ ಕಡೆಯಿಂದ ಬಿಲ್ಲಿನಂತೆ ಬಾಗಿ ಮಧ್ಯದವರೆಗೆ ಬಂದಿತ್ತು. ನಕ್ಷೆ ಬಿಡಿಸಿದ ಹಾಗೆ. ಸಂಪಿನಲ್ಲಿದ್ದದ್ದು ಕಾವೇರಿ ನೀರು. ನೂರು ಕಿಲೋಮೀಟರ್ ಪಂಪ್ ಆಗಿ ಬಂದು ನನ್ನ ದೋಣಿಯ ಮೇಲೇ ಕೂರಬೇಕಿತ್ತಾ ತಾಯಿ?

ಆಮೇಲಿನ ಕೆಲಸ ಸರಳ, ಬೇಸರದ್ದು. ಬಿಳಿ ಹತ್ತಿ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ ಪಟ್ಟಿ ಕತ್ತರಿಸಿದೆ. ಮೇಲ್ಮೈಗೆ ನಾಲ್ಕು ಹನಿ ನೀರು, ಅದರ ಮೇಲೆ ಪಟ್ಟಿ ಒತ್ತಿ ಸ್ವಲ್ಪ ಹೊತ್ತು ಬಿಡುವುದು. ಕೆಂಪಾದರೆ ಬ್ಲಶ್, ಹಳದಿಯೇ ಇದ್ದರೆ ಶುದ್ಧ. ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ. ಬೋರ್‌ವೆಲ್ಲಿನ ಗಡಸು ನೀರು, ಸೋಪಿನ ಕೈ ಎರಡೂ ಬೇಡ, ಪರೀಕ್ಷೆ ಕೆಡುತ್ತದೆ. ಪಿಎಚ್ ಪೇಪರ್ ಇದ್ದರೆ ಅದೂ ಆಗುತ್ತದೆ, ಆದರೆ ಅರಿಶಿನ ಎಲ್ಲರ ಮನೆಯಲ್ಲೂ ಇದೆ.

ಹಸಿರು ಸ್ಕ್ರಬ್ ಹಿಡಿದು ಬರಿ ನೀರಿನಲ್ಲಿ ತೊಳೆದೆ. ಒಂದೇ ದಿಕ್ಕಿಗೆ ಒರೆಸಿ, ಬಟ್ಟೆ ಬದಲಿಸಿ, ಮತ್ತೆ ತೊಳೆದೆ. ಪಟ್ಟಿ ಕೆಂಪಿನಿಂದ ಕಿತ್ತಳೆ, ಕಿತ್ತಳೆಯಿಂದ ಹಳದಿಗೆ ಬಂತು. ಆಮೇಲೆ ಪಕ್ಕದ ಮನೆ ಹುಡುಗರಿಗೆ ಮಸಾಲೆ ದೋಸೆಯ ಲಂಚ ಕೊಟ್ಟು ದೋಣಿಯನ್ನು ಹೊರಮೆಟ್ಟಿಲಿನಲ್ಲಿ ತಾರಸಿಗೆ ಹೊರಿಸಿದೆ. ಬಿಸಿಲು ಬಂದ ದಿನಗಳಲ್ಲಿ ಕಾಯಿಸಿ, 220 ನಂಬರಿನ ಪೇಪರ್ ಉಜ್ಜಿ, ಹಗಲು ಹೊತ್ತಿನಲ್ಲಿ ವಾರ್ನಿಶ್ ಬಳಿದೆ. ಮಾರನೇ ಬೆಳಿಗ್ಗೆಗೆ ಒಣಗಿತ್ತು.

ಒಂದು ತೊಡಕು ಉಳಿದಿದೆ, ಇದಕ್ಕೆ ನಿಮ್ಮ ಅಭಿಪ್ರಾಯ ಬೇಕು. ಬರಿ ಮರಕ್ಕೆ ಮೊದಲ ಎಪಾಕ್ಸಿ ಕೋಟ್ ಹಾಕುವಾಗ ಉಷ್ಣತೆ ಇಳಿಯುತ್ತಿರಬೇಕು. ಏರುತ್ತಿದ್ದರೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಅದಕ್ಕೇ ಎಲ್ಲರೂ ಸಂಜೆ ಬಳಿಯಿರಿ ಅನ್ನುವುದು. ಬ್ಲಶ್ ಬೇಡ ಅಂದರೆ ಹಗಲು ಬಳಿಯಬೇಕು. ನನ್ನ ಈಗಿನ ತೀರ್ಮಾನ: ಮೊದಲ ಕೋಟ್ ಮಧ್ಯಾಹ್ನ ಮೂರರ ಸುಮಾರಿಗೆ, ಮಿಕ್ಕಿದ್ದೆಲ್ಲ ಬೆಳಿಗ್ಗೆ ಹನ್ನೊಂದಕ್ಕೆ. ಕೊನೆಯ ಕೋಟಿನ ಮೇಲೆ ನೈಲಾನ್ ಬಟ್ಟೆ ಹಾಸಿ, ಗಟ್ಟಿಯಾದ ಮೇಲೆ ಸುಲಿದರೆ ಬ್ಲಶ್ ಅದರ ಜೊತೆಗೇ ಕಿತ್ತು ಬರುತ್ತದೆ. ಚಿಕ್ಕಪೇಟೆಯಲ್ಲಿ ಲೈನಿಂಗ್ ಬಟ್ಟೆ ಕೇಳಿದೆ. "ನೈಲಾನಾ, ಪಾಲಿಯೆಸ್ಟರಾ?" ಅಂದರೆ "ಎರಡೂ ಒಂದೇ, ಬ್ಲೌಸ್ ಯಾವ ಬಣ್ಣ?" ಅನ್ನುತ್ತಾರೆ. ಕೋಟಿಂಗ್ ಇಲ್ಲದ ನೈಲಾನ್ ಎಲ್ಲಿ ಸಿಗುತ್ತದೆ ಗೊತ್ತಿದ್ದರೆ ಹೇಳಿ.

ನೀರಿಗೆ ಯಾವಾಗ ಅಂತ ಎಲ್ಲರೂ ಕೇಳುತ್ತಿದ್ದಾರೆ. ನಕ್ಷೆ ನೋಡಿದರೆ ನಮ್ಮ ಏರಿಯಾದಿಂದಲೇ ಹೊರಡಬಹುದು. ವೃಷಭಾವತಿ ಬಸವನಗುಡಿಯಲ್ಲಿ ಹುಟ್ಟಿ ಅರ್ಕಾವತಿ ಸೇರುತ್ತಾಳೆ, ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತಾಳೆ, ಅಲ್ಲಿಂದ ಬಂಗಾಳ ಕೊಲ್ಲಿ. ನಕ್ಷೆಗೆ ಮೂಗಿಲ್ಲ, ಅಷ್ಟೇ ತೊಂದರೆ. 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆಯ ಕಡೆ ಟ್ರ್ಯಾಕ್ಟರ್, ದೋಣಿಗಳಲ್ಲಿ ಜನರನ್ನು ಸಾಗಿಸಿದ್ದರಲ್ಲ, ಆಗಲೇ ಕಟ್ಟಿ ಮುಗಿಸಿದ್ದರೆ ಆಫೀಸಿಗೇ ಹುಟ್ಟು ಹಾಕಬಹುದಿತ್ತು. ಮಂಚನಬೆಲೆ ಜಲಾಶಯ ಬೇಡ, ನೀರಿಗಿಳಿಯುವುದೇ ನಿಷೇಧ, ಅಲ್ಲಿ ಎಷ್ಟೋ ಜನ ಮುಳುಗಿದ್ದಾರೆ. ಕೆಆರ್‌ಎಸ್ 124.80 ಅಡಿಗೆ ಹತ್ತಿರ ಬಂದಾಗ ಕಾವೇರಿಯಲ್ಲಿ ಹುಡುಗಾಟ ಬೇಡ, ಯಾವಾಗ ಎಷ್ಟು ನೀರು ಬಿಡುತ್ತಾರೋ. ದೀಪಾವಳಿ ಕಳೆಯಲಿ. ಹೊನ್ನಾವರದಲ್ಲಿ ಶರಾವತಿಯ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸಂದು, ಉಬ್ಬರದ ಹೊತ್ತು ನೋಡಿ ಇಳಿಯುವ ಯೋಚನೆ. ಹದಿನಾರು ಅಡಿ ದೋಣಿಯನ್ನು ಸಣ್ಣ ಕಾರಿನ ಮೇಲೆ ಘಟ್ಟ ಇಳಿಸುವುದು ಹೇಗೆ ಅನ್ನುವುದು ಬೇರೆಯದೇ ಅಧ್ಯಾಯ.

ಈ ಮಧ್ಯೆ ತಲೆಗೆ ಹೊಸ ಹುಳ ಹೊಕ್ಕಿದೆ: ಹರಿಗೋಲು. ಎಪಾಕ್ಸಿ ಬೇಡ, ಅಮೀನ್ ಬೇಡ, ತೇವಕ್ಕೆ ಹೆದರಬೇಕಿಲ್ಲ. ಸೀಳಿದ ಬಿದಿರು ಹೆಣೆದು, ಹೊರಗೆ ಹೊದಿಸುವುದು ಹಿಂದಿನ ಕಾಲದಲ್ಲಿ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿಯೊಬ್ಬ ಆನೆಗೊಂದಿಯ ಹತ್ತಿರ ಇದನ್ನು ನೋಡಿ, ಬುಟ್ಟಿಯಂತೆ ದುಂಡಗಿದೆ, ಸುತ್ತುತ್ತಲೇ ಇರುತ್ತದೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ ಅಂತ ಬರೆದಿಟ್ಟಿದ್ದಾನೆ. ನೇರ ಹೋಗಬೇಕಾದರೆ ಹುಟ್ಟನ್ನು ಮುಂದೆ ಚಾಚಿ ತನ್ನ ಕಡೆಗೆ ಎಳೆಯಬೇಕು. ಹಂಪಿಯಲ್ಲಿ ಒಮ್ಮೆ ಪ್ರಯತ್ನಿಸಿದ್ದೇನೆ, ಹೊರಟಲ್ಲಿಗೇ ವಾಪಸ್ ಬಂದೆ. ಆರು ಅಡಿ ಅಗಲದ್ದು ಕಟ್ಟಿದರೆ ಪಾರ್ಕಿಂಗಿನಲ್ಲಿ ಕನೂ ಪಕ್ಕದಲ್ಲೇ ಹಿಡಿಸುತ್ತದೆ, ಅಳೆದೂ ಆಯಿತು. ಬಿದಿರಿಗೆ ಬಂಬೂ ಬಜಾರಿಗೆ ಹೋಗಿ ಕೇಳಿದೆ. "ಪೆಂಡಾಲಿಗಾ ಸಾರ್, ಏಣಿಗಾ?" ಅಂದರು. ಎರಡೂ ಅಲ್ಲ ಅಂದೆ. ಹಸಿ ಬಿದಿರು ಸೀಳಿ ಕೊಡುವವರು ಬುಧವಾರ ಸಿಗುತ್ತಾರಂತೆ, ಹೋಗಿ ನೋಡುತ್ತೇನೆ.