ಕೊನೆಯ ಚಕ್ರದ ಹಿಂದೆ ಇನ್ನೂರು ಕಿಲೋಮೀಟರ್

ಗುಂಪಿನಲ್ಲಿ ದೂರದ ಸೈಕಲ್ ರೈಡ್ ಹೋಗುವಾಗ ನನಗೆ ತುಂಬಾ ಇಷ್ಟವಾದ ಜಾಗ ಕೊನೆಯದು. ಆ ಜಾಗದಲ್ಲಿ ಬರುವವರನ್ನು ಸೈಕಲ್ ಮಂದಿ ಸ್ವೀಪ್ ಅನ್ನುತ್ತಾರೆ. ಸ್ವೀಪ್‌ನ ಹಿಂದೆ ಯಾರೂ ಉಳಿಯಬಾರದು, ಅಷ್ಟೇ ನಿಯಮ. ಅಲ್ಲಿಂದ ಎಲ್ಲರ ಬೆನ್ನು ಕಾಣುತ್ತದೆ. ಯಾರ ಭುಜ ಬಿಗಿದುಕೊಂಡಿದೆ, ಯಾರು ತುಂಬಾ ಹೊತ್ತಿನಿಂದ ಬಾಟಲಿಗೆ ಕೈ ಹಾಕಿಲ್ಲ, ಯಾರು ಗೇರ್ ಇಳಿಸಬೇಕಾದಲ್ಲಿ ಇಳಿಸದೆ ಹಟಕ್ಕೆ ಬಿದ್ದಿದ್ದಾರೆ, ಎಲ್ಲ ಗೊತ್ತಾಗುತ್ತದೆ.

ಈ ಸಲ ನಾವು ಹೊರಟಿದ್ದು 200 ಕಿಲೋಮೀಟರ್ ರೈಡ್‌ಗೆ. ಹನ್ನೆರಡು ಜನ. ಅದರಲ್ಲಿ ಮೂವರಿಗೆ ಇಷ್ಟು ದೂರ ಮೊದಲ ಸಲ. ಸ್ವೀಪ್ ಜಾಗವನ್ನು ನಾನೇ ಕೇಳಿ ತೆಗೆದುಕೊಂಡೆ.

ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ರೈಡ್‌ಗೆ ಬ್ರೆವೆ ಅನ್ನುತ್ತಾರೆ. ನಮ್ಮದು ಅಧಿಕೃತ ಬ್ರೆವೆ ಅಲ್ಲ. ಆದರೆ ಅದರ ಅಳತೆಯನ್ನೇ ಇಟ್ಟುಕೊಂಡಿದ್ದೆವು. 200 ಕಿಲೋಮೀಟರ್ ಬ್ರೆವೆಗೆ ಇರುವ ಸಮಯ 13 ಗಂಟೆ 30 ನಿಮಿಷ. ಲೆಕ್ಕ ಹಾಕಿದರೆ ಗಂಟೆಗೆ 15 ಕಿಲೋಮೀಟರ್ ಕೂಡ ಬರುವುದಿಲ್ಲ. ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಊಟಕ್ಕೆ ನಿಂತಾಗಲೂ ಗಡಿಯಾರ ಓಡುತ್ತಿರುತ್ತದೆ, ಪಂಕ್ಚರ್ ಹಾಕುವಾಗಲೂ ಓಡುತ್ತಿರುತ್ತದೆ. ಸೈಕಲ್ ಮೇಲೆ ಇರುವಷ್ಟು ಹೊತ್ತು ಗಂಟೆಗೆ 20ರಂತೆ ತುಳಿದರೆ ಹತ್ತು ಗಂಟೆ ಬೇಕು. ಉಳಿದ ಮೂರೂವರೆ ಗಂಟೆ ನಿಲ್ಲುವುದಕ್ಕೆ. ಒಬ್ಬರೇ ಹೋದರೆ ಅದು ಧಾರಾಳ. ಹನ್ನೆರಡು ಜನ ನಿಂತರೆ ಐದು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಒಬ್ಬರು ಹೆಲ್ಮೆಟ್ ಹಾಕುವಷ್ಟರಲ್ಲಿ ಇನ್ನೊಬ್ಬರು ನೀರು ತುಂಬಿಸಲು ಹೋಗಿರುತ್ತಾರೆ.

ದೂರದ ಸೈಕ್ಲಿಂಗ್‌ನಲ್ಲಿ ಎರಡು ಹಳೆಯ ದಾರಿಗಳಿವೆ. ಒಂದು ಆಡಾಕ್ಸ್. ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಶುರು ಮಾಡಿದ ಆಂರಿ ದೆಗ್ರಾಂಜ್ 1904ರಲ್ಲಿ ಫ್ರಾನ್ಸ್‌ನಲ್ಲಿ ಇದಕ್ಕೆ ನಿಯಮ ಮಾಡಿದರು. ಎಲ್ಲರೂ ಒಟ್ಟಿಗೆ ಹೋಗಬೇಕು, ಮುಂದೆ ಒಬ್ಬ ಕ್ಯಾಪ್ಟನ್ ಇರಬೇಕು, ಅವರನ್ನು ಯಾರೂ ದಾಟಬಾರದು. ಈಗಲೂ ಈ ರೈಡ್‌ಗಳು ಸಾಮಾನ್ಯವಾಗಿ ಗಂಟೆಗೆ 22.5 ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ಇನ್ನೊಂದು 1921ರಲ್ಲಿ ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್ ಅನ್ನುವ ಪ್ಯಾರಿಸ್‌ನ ಸೈಕಲ್ ಕ್ಲಬ್ ಶುರು ಮಾಡಿದ್ದು. ಅದರಲ್ಲಿ ಯಾರ ವೇಗ ಅವರದು, ಸಮಯದ ಮಿತಿಯೊಳಗೆ ಮುಗಿಸಿದರೆ ಸಾಕು. ಇವತ್ತು ಜಗತ್ತಿನ ಹೆಚ್ಚಿನ ಕಡೆ ನಡೆಯುವುದು ಈ ಎರಡನೆಯದೇ. ನನಗೆ ಮಾತ್ರ ಮೊದಲನೆಯದರ ಮೇಲೆ ಪ್ರೀತಿ ಜಾಸ್ತಿ. ಒಟ್ಟಿಗೆ ಹೊರಟವರು ಒಟ್ಟಿಗೇ ಬರಬೇಕು ಅನ್ನುವುದನ್ನು ಅಲ್ಲಿ ನಿಯಮವನ್ನಾಗಿಯೇ ಬರೆದಿದ್ದಾರೆ. ನಮ್ಮ ಗುಂಪೂ ಒಪ್ಪಿಕೊಂಡಿತು. 22.5 ನಮಗೆ ಜಾಸ್ತಿ ಆಗುತ್ತಿತ್ತು, 20 ಅಂತ ಇಟ್ಟುಕೊಂಡೆವು.

ತಯಾರಿಗೆ ಕೆಲವು ತಿಂಗಳು ಹಿಡಿಯಿತು. ವಾರದ ಮಧ್ಯೆ ಸಣ್ಣ ಸಣ್ಣ ರೈಡ್, ವಾರಾಂತ್ಯಕ್ಕೆ ಒಂದು ಉದ್ದದ್ದು. ಆ ಉದ್ದದ ರೈಡನ್ನು ಮೆಲ್ಲಗೆ ಬೆಳೆಸುತ್ತಾ 140 ಕಿಲೋಮೀಟರ್‌ವರೆಗೆ ತಂದೆವು. ಅಭ್ಯಾಸದಲ್ಲೇ 200 ಮುಟ್ಟಬೇಕಾಗಿಲ್ಲ. ಮೂರನೇ ಎರಡು ಭಾಗ ಆರಾಮವಾಗಿ ಮಾಡಿ, ಮಾರನೇ ದಿನ ಕಾಲು ಸರಿಯಾಗಿದ್ದರೆ ಉಳಿದದ್ದು ಆಗುತ್ತದೆ. ಕೊನೆಯ ವಾರ ಬಹಳ ಕಡಿಮೆ ತುಳಿದೆವು. ಹೊಸಬರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಆ ವಾರ ಜಾಸ್ತಿ ತುಳಿದರೆ ಶಕ್ತಿ ಬರುವುದಿಲ್ಲ, ದಣಿವು ಮಾತ್ರ ಉಳಿಯುತ್ತದೆ. ನಿದ್ದೆಯ ವಿಷಯದಲ್ಲಿ ಹಿಂದಿನ ರಾತ್ರಿಗಿಂತ ಅದಕ್ಕೂ ಹಿಂದಿನ ರಾತ್ರಿಯನ್ನು ನೆಚ್ಚಿಕೊಳ್ಳಬೇಕು. ರೈಡ್‌ನ ಹಿಂದಿನ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ.

ಕಾಲಿಗಿಂತ ಜಾಸ್ತಿ ಹೊತ್ತು ನಾವು ಕಲಿತದ್ದು ಜೊತೆಗೆ ಹೋಗುವುದನ್ನು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಜೊತೆ ಬಹಳ ಬೇಗ ಏರುತ್ತದೆ. ವೇಗ ಎರಡು ಪಟ್ಟಾದರೆ ಆ ಶಕ್ತಿ ಎಂಟು ಪಟ್ಟು ಬೇಕು. ಮುಂದಿನವರ ಚಕ್ರದ ಹಿಂದೆ ಹತ್ತಿರ ಸೇರಿಕೊಂಡರೆ ಆ ಹೊರೆ ಚೆನ್ನಾಗಿ ಇಳಿಯುತ್ತದೆ. ಇದನ್ನೇ ಡ್ರಾಫ್ಟಿಂಗ್ ಅನ್ನುವುದು. ಆದರೆ ಹತ್ತಿರ ಹೋದಷ್ಟೂ ನಂಬಿಕೆ ಬೇಕು. ಮುಂದಿನವರ ಹಿಂಚಕ್ರಕ್ಕೆ ನಮ್ಮ ಮುಂಚಕ್ರ ಪಕ್ಕದಲ್ಲಿ ಬರುವಂತೆ ಎಂದೂ ಹೋಗಬಾರದು. ಎರಡು ಚಕ್ರ ತಾಗಿದರೆ ಸಾಮಾನ್ಯವಾಗಿ ಬೀಳುವುದು ಹಿಂದಿನವರೇ. ಮುಂದಿರುವವರು ತಟ್ಟನೆ ಬ್ರೇಕ್ ಹಿಡಿಯಬಾರದು. ಗುಂಡಿ ಕಂಡರೆ ಕೈ ತೋರಿಸಿ ಕೂಗಬೇಕು. ಆ ಕೂಗು ಕೊನೆಯವರೆಗೆ ಒಬ್ಬರಿಂದ ಒಬ್ಬರಿಗೆ ದಾಟಬೇಕು. ಮುಂದಿನ ಜಾಗ ಬಿಡುವವರು ಮೊದಲು ಹಿಂದೆ ನೋಡಿ, ಆಮೇಲೆ ಪಕ್ಕಕ್ಕೆ ಸರಿಯಬೇಕು. ಖಾಲಿ ರಸ್ತೆಯಲ್ಲಿ ಇದನ್ನು ಮತ್ತೆ ಮತ್ತೆ ಮಾಡಿದೆವು, ಕೈ ತಾನಾಗಿಯೇ ಏಳುವವರೆಗೆ.

ತಿರುವು ದಾಟಿದ ಕೂಡಲೇ ವೇಗ ಹೆಚ್ಚಿಸಬಾರದು ಅನ್ನುವುದನ್ನು ಮುಂದಿನವರಿಗೆ ನಾನು ಬೇಸರ ಬರುವಷ್ಟು ಸಲ ಹೇಳಿದ್ದೇನೆ. ಮುಂದಿನವರು ತಿರುಗಿ ಓಡಿದಾಗ ಹಿಂದಿನವರು ಇನ್ನೂ ತಿರುವಿನ ಆಚೆ ಬ್ರೇಕ್ ಹಿಡಿದಿರುತ್ತಾರೆ. ಗುಂಪು ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗುತ್ತದೆ. ಪ್ರತಿ ತಿರುವಿಗೂ ಕೊನೆಯವರು ಒಂದು ಓಟ ಓಡಬೇಕಾಗುತ್ತದೆ. ಇನ್ನೂರು ಕಿಲೋಮೀಟರ್‌ನಲ್ಲಿ ತಿರುವು ಎಷ್ಟು ಬರುತ್ತವೆ, ನೀವೇ ಯೋಚಿಸಿ.

ಸೈಕಲ್ ತಯಾರಿ ಬೇಗ ಮುಗಿಯುವ ವಿಷಯ. ಚೈನ್ ಸವೆತ ಅಳೆಯುವುದು, ಬ್ರೇಕ್ ಪ್ಯಾಡ್ ನೋಡುವುದು, ಬೋಲ್ಟ್‌ಗಳನ್ನು ಬಿಗಿ ಮಾಡುವುದು, ಟೈರ್ ಮೇಲೆ ಬೆರಳಾಡಿಸಿ ಗಾಜಿನ ಚೂರು ಹುಡುಕುವುದು. ಎರಡು ಟ್ಯೂಬ್, ಪಂಪ್, ಟೈರ್ ಲಿವರ್, ಪ್ಯಾಚ್, ಅಲೆನ್ ಕೀ. ಹೊಸ ಸೀಟು, ಹೊಸ ಶೂ ಆ ದಿನಕ್ಕೆ ಬೇಡ. ಅಷ್ಟೇ.

ಹೊರಡುವ ಮೊದಲು ಇನ್ನೊಂದು ಪಟ್ಟಿ ಮಾಡಿದೆವು. ರೈಡ್ ಮುಗಿದ ಮೇಲೆ ಯಾರು ಮನೆಗೆ ಹೇಗೆ ಹೋಗುತ್ತಾರೆ ಅಂತ. ನನ್ನ ಮಟ್ಟಿಗೆ ಇಡೀ ತಯಾರಿಯಲ್ಲಿ ಇದೇ ಮುಖ್ಯ. ಮೂರು ಗಂಟೆಗೆ ಎದ್ದವರು ಸಂಜೆ ರೈಡ್ ಮುಗಿಸಿ, ಊಟ ಮಾಡಿ, ಎಂಟು ಗಂಟೆಗೆ ಕಾರು ಹತ್ತಿದರೆ ಆಗಲೇ 17 ಗಂಟೆ ಎಚ್ಚರವಾಗಿರುತ್ತಾರೆ. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ಇದನ್ನು ಅಳೆದು ನೋಡಿದ್ದಾರೆ. 17 ಗಂಟೆ ನಿದ್ದೆ ಇಲ್ಲದವರ ಕೈ ಮತ್ತು ಕಣ್ಣಿನ ಚುರುಕು, ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇದ್ದವರಷ್ಟಕ್ಕೆ ಇಳಿದಿತ್ತು. ಅವರು ಸುಮ್ನೆ ಕೂತು ಎಚ್ಚರವಾಗಿದ್ದವರು. ನಮ್ಮವರು ಅದರ ಮೇಲೆ 200 ಕಿಲೋಮೀಟರ್ ತುಳಿದಿರುತ್ತಾರೆ. ಹಾಗಾಗಿ ರೈಡ್ ಮಾಡಿದವರು ಸ್ಟಿಯರಿಂಗ್ ಹಿಡಿಯುವುದಿಲ್ಲ ಅಂತ ತೀರ್ಮಾನ ಮಾಡಿದೆವು. ಮನೆಯವರು ಯಾರಾದರೂ ಬಂದು ಕರೆದುಕೊಂಡು ಹೋಗಬೇಕು. ಹತ್ತಿರದವರು ಸೈಕಲ್‌ನಲ್ಲೇ ಹೋಗಬಹುದು, ಆದರೆ ಒಂಟಿಯಾಗಿ ಅಲ್ಲ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಹೊಳೆಯುವ ಜಾಕೆಟ್ ಎಲ್ಲರ ಬಳಿಯೂ ಇರಬೇಕು. ಬೆಳಿಗ್ಗೆ ಕತ್ತಲಲ್ಲಿ ಹೊರಟು, ಬೆಳಕಾದ ಮೇಲೂ ದೀಪ ಆರಿಸಲು ಮರೆತು, ಸಂಜೆ ಬ್ಯಾಟರಿ ಖಾಲಿ ಆಗುವುದು ಸಾಮಾನ್ಯ. ಸೂರ್ಯ ಕಂಡ ಕೂಡಲೇ 'ದೀಪ!' ಅಂತ ಕೂಗುವ ಕೆಲಸವನ್ನು ಒಬ್ಬರಿಗೆ ವಹಿಸಿದೆವು.

ಐದಕ್ಕೆ ಹೊರಟೆವು. ಮೊದಲ ನೂರು ಕಿಲೋಮೀಟರ್ ಬಗ್ಗೆ ಹೇಳುವುದು ಕಡಿಮೆ. ತಂಪಿತ್ತು, ರಸ್ತೆ ಚೆನ್ನಾಗಿತ್ತು, ಗಾಳಿ ಬೆನ್ನಿಗಿತ್ತು. ಬೆನ್ನ ಹಿಂದಿನ ಗಾಳಿ ಇದ್ದಾಗ ಅದು ಇದೆ ಅಂತಲೇ ಅನ್ನಿಸುವುದಿಲ್ಲ. ಎಲ್ಲರೂ ತಮ್ಮ ಕಾಲೇ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಮುಂದಿನವರು ಅದನ್ನು ತಿಳಿದು 20ರಲ್ಲೇ ಹಿಡಿದಿಟ್ಟರು. ಅದಕ್ಕೆ ಅವರಿಗೆ ನನ್ನ ದೊಡ್ಡ ನಮಸ್ಕಾರ.

ನೂರರ ಬಳಿ ತಿರುಗಿದೆವು. ಗಾಳಿ ಮುಖಕ್ಕೆ ಬಂತು. ಬಿಸಿಲೂ ಏರಿತ್ತು. 118ರಲ್ಲಿ ಒಬ್ಬರ ಹಿಂದಿನ ಟೈರಿನ ಬದಿ ಸೀಳಿತು. ಟ್ಯೂಬ್ ಮಾತ್ರ ಬದಲಿಸಿದರೆ ಆ ಸೀಳಿನಿಂದ ಟ್ಯೂಬ್ ಹೊರಗೆ ಉಬ್ಬಿ ಮತ್ತೆ ಒಡೆಯುತ್ತದೆ. ಒಬ್ಬ ಹಿರಿಯರು ಹಳೆ ಟೈರಿನ ಎರಡಿಂಚು ತುಂಡು ಚೀಲದಲ್ಲಿ ಇಟ್ಟುಕೊಂಡಿದ್ದರು. ಅದನ್ನು ಒಳಗಿನಿಂದ ಸೀಳಿಗೆ ಒತ್ತಿಟ್ಟು, ಗಾಳಿ ಸ್ವಲ್ಪ ಕಡಿಮೆ ತುಂಬಿಸಿದೆವು. ಆ ಟೈರ್ ಮನೆವರೆಗೂ ಬಂತು. ಆದರೆ ಅಲ್ಲಿ ನಲವತ್ತು ನಿಮಿಷ ಹೋಯಿತು.

140 ದಾಟಿದ ಮೇಲೆ ನನ್ನ ಮುಂದಿದ್ದ ಗೆಳತಿಯ ಬೆನ್ನು ಬದಲಾಯಿತು. ಆಕೆಗೆ ಇದು ಮೊದಲ ಇನ್ನೂರು. ಹ್ಯಾಂಡಲ್ ಅತ್ತಿತ್ತ ವಾಲತೊಡಗಿತು. ಮುಂದಿನ ಚಕ್ರಕ್ಕೂ ಆಕೆಗೂ ನಡುವೆ ಒಂದು ಸೈಕಲ್‌ನಷ್ಟು ಜಾಗ, ಆಮೇಲೆ ಎರಡರಷ್ಟು. ನಾನು ಪಕ್ಕಕ್ಕೆ ಹೋದೆ. 'ಚೆನ್ನಾಗಿದ್ದೀಯಾ?' ಅಂತ ನಾನು ಯಾರನ್ನೂ ಕೇಳುವುದಿಲ್ಲ. ಎಲ್ಲರೂ ಹೂಂ ಅನ್ನುತ್ತಾರೆ. 'ಕೊನೆಗೆ ತಿಂದದ್ದು ಯಾವಾಗ?' ಅಂತ ಕೇಳಿದೆ. ಆಕೆಗೆ ನೆನಪಾಗಲಿಲ್ಲ. ಪಂಕ್ಚರ್ ಹಾಕುವಾಗ ಎಲ್ಲರ ಸೈಕಲ್ ಹಿಡಿದು ನಿಂತಿದ್ದಳು, ತಿನ್ನುವುದು ಬಿಟ್ಟುಹೋಗಿತ್ತು.

ಮೈಯಲ್ಲಿ ಸಕ್ಕರೆ ಕೂಡಿಟ್ಟುಕೊಳ್ಳಲು ಮಿತಿ ಇದೆ. ಸ್ನಾಯು ಮತ್ತು ಯಕೃತ್ತು ಎರಡೂ ಸೇರಿ ಸುಮಾರು 400ರಿಂದ 500 ಗ್ರಾಂ ಗ್ಲೈಕೊಜೆನ್. ಅದು ತೀರುತ್ತಾ ಬಂದರೆ ಕೊಬ್ಬು ಎಷ್ಟಿದ್ದರೂ ಕಾಲು ಮಾತು ಕೇಳುವುದಿಲ್ಲ. ತಲೆ ಮಂಕಾಗುತ್ತದೆ, ಕೈ ನಡುಗುತ್ತದೆ, ಕಾರಣವೇ ಇಲ್ಲದೆ ಅಳು ಬರುತ್ತದೆ. ಇದಕ್ಕೇ ಬಾಂಕ್ ಅನ್ನುವುದು. ಅದಕ್ಕೇ ಹಸಿವಾಗುವ ಮೊದಲೇ, ಮೊದಲ ಗಂಟೆಯಿಂದಲೇ ತಿನ್ನುತ್ತಾ ಹೋಗಬೇಕು. ಗಂಟೆಗೆ 60 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಹೋದರೆ ಒಳ್ಳೆಯದು. ಬೆವರು ಜಾಸ್ತಿ ಹರಿಯುವ ದಿನ ಬರೀ ನೀರನ್ನೇ ಕುಡಿಯುತ್ತಾ ಹೋಗಬಾರದು, ಉಪ್ಪೂ ಬೇಕು. ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ.

ಗುಂಪು ನಿಂತಿತು. ಆಕೆ ಕೂತು ಬಾಳೆಹಣ್ಣು ತಿಂದಳು, ಸಿಹಿ ನೀರು ಗುಟುಕರಿಸಿದಳು. 'ನೀವು ಹೋಗಿ, ನನ್ನಿಂದ ಎಲ್ಲರಿಗೂ ತಡ' ಅಂದಳು. ಯಾರೂ ಉತ್ತರ ಕೊಡಲಿಲ್ಲ, ಏಳಲೂ ಇಲ್ಲ. ಇಪ್ಪತ್ತು ನಿಮಿಷಕ್ಕೆ ಮುಖದಲ್ಲಿ ಬಣ್ಣ ಬಂತು. ಗಟ್ಟಿ ಕಾಲಿನ ಇಬ್ಬರು ಮುಂದೆ, ಅವರ ಹಿಂದೆಯೇ ಆಕೆ, ಆಮೇಲೆ ಉಳಿದವರು. ವೇಗ 17ಕ್ಕೆ ಇಳಿಸಿದೆವು. ಗಾಳಿಯನ್ನೆಲ್ಲ ಆ ಇಬ್ಬರೇ ಹೊತ್ತರು. ಅವತ್ತು ಅವರಿಗೆ ಬೇಕಿದ್ದರೆ ಒಂದು ಗಂಟೆ ಮೊದಲೇ ಮುಗಿಸಬಹುದಿತ್ತು. ಆ ಯೋಚನೆಯೂ ಅವರಿಗೆ ಬಂದಂತೆ ಕಾಣಲಿಲ್ಲ. ಗುಂಪು ರೈಡ್ ಅಂದರೆ ನನಗೆ ಇವರೇ ನೆನಪಾಗುತ್ತಾರೆ.

ಕೊನೆಯ ಮೂವತ್ತು ಕಿಲೋಮೀಟರ್ ಎಲ್ಲರಿಗೂ ಉದ್ದವಾಯಿತು. ಕೆಲವರಿಗೆ ಕಿರುಬೆರಳು, ಉಂಗುರದ ಬೆರಳು ಮರಗಟ್ಟಿದವು. ಅಂಗೈಯ ಅಂಚಿನಲ್ಲಿ ಹಾದುಹೋಗುವ ನರ ಹ್ಯಾಂಡಲ್‌ಗೆ ಒತ್ತಿ ಒತ್ತಿ ಹಾಗಾಗುತ್ತದೆ. ಆಗಾಗ ಕೈ ಇಡುವ ಜಾಗ ಬದಲಿಸಿ ಅಂತ ಹಿಂದಿನಿಂದ ಕೂಗುತ್ತಿದ್ದೆ. ಆರೂ ಇಪ್ಪತ್ತಕ್ಕೆ ಹನ್ನೆರಡು ಜನವೂ ಹೊರಟ ಜಾಗ ಮುಟ್ಟಿದೆವು. ಮಿತಿಗೆ ಹತ್ತು ನಿಮಿಷ ಉಳಿದಿತ್ತು.

ಅಪ್ಪಿಕೊಂಡೆವು, ಫೋಟೋ ತೆಗೆದೆವು. ಆಮೇಲೆ ಪಟ್ಟಿ ತೆಗೆದೆವು.

ಎಂಟು ಜನರನ್ನು ಕರೆದುಕೊಂಡು ಹೋಗಲು ಮನೆಯವರು ಬಂದರು. ಒಬ್ಬರ ಮನೆಯಿಂದ ಬರಬೇಕಾದವರಿಗೆ ಕೊನೆ ಗಳಿಗೆಯಲ್ಲಿ ಬರಲಾಗಲಿಲ್ಲ. 'ನಾನೇ ಓಡಿಸುತ್ತೇನೆ, ಬರೀ ಅರ್ಧ ಗಂಟೆ' ಅಂದರು ಅವರು. ಬೇಡ ಅಂದೆವು. ಸ್ವಲ್ಪ ಮುನಿಸೂ ಆಯಿತು. ಕೊನೆಗೆ ಅವರ ಕಾರು ಅಲ್ಲೇ ಉಳಿಯಿತು, ಅವರು ಇನ್ನೊಬ್ಬರ ಕಾರಿನಲ್ಲಿ ಹೋದರು. ಹತ್ತು ನಿಮಿಷದೊಳಗೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರಂತೆ. ಅವರು ಸ್ಟಿಯರಿಂಗ್ ಹಿಂದೆ ಇದ್ದಿದ್ದರೆ ಅಂತ ಯೋಚಿಸಿ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ.

ಉಳಿದ ನಾವು ಮೂವರು ಸೈಕಲ್‌ನಲ್ಲೇ ಹೊರಟೆವು. ನನ್ನ ಮನೆ ಹದಿನೈದು ಕಿಲೋಮೀಟರ್. ರೈಡ್ ಮುಗಿದು ಅರ್ಧ ಗಂಟೆ ಕೂತು ಎದ್ದರೆ ಕಾಲು ಬಿಗಿಯುತ್ತದೆ, ಬೆವರು ಆರಿ ಚಳಿ ಹಿಡಿಯುತ್ತದೆ. ಅದಕ್ಕೆ ಒಣ ಬನಿಯನ್ ಹಾಕಿಕೊಂಡು, ಏನಾದರೂ ತಿಂದೇ ಹೊರಟೆವು. ಚಿಕ್ಕ ಗೇರ್, ನಿಧಾನ ವೇಗ. ಮಾತು ಬಿಡಬಾರದು ಅಂತ ಒಪ್ಪಂದ ಮಾಡಿಕೊಂಡಿದ್ದೆವು. ಮಾತು ನಿಂತರೆ ಯಾರೋ ಮಂಕಾಗುತ್ತಿದ್ದಾರೆ ಅಂತ ಅರ್ಥ. ಗುರುತಿನ ರಸ್ತೆಯಲ್ಲೇ ಜಾಸ್ತಿ ಎಚ್ಚರ ಬೇಕು. ಮನೆ ಹತ್ತಿರ ಬಂತು ಅಂದ ಕೂಡಲೇ ಮನಸ್ಸು ಆಗಲೇ ಸೈಕಲ್ ಇಳಿದಿರುತ್ತದೆ, ವಾಹನಗಳು ಮಾತ್ರ ಎಂದಿನಂತೆ ನುಗ್ಗುತ್ತಿರುತ್ತವೆ. ಮೊದಲ ಗೆಳೆಯನ ಮನೆ ಬಂತು. ಎರಡನೆಯವರಿಗೆ ನನ್ನ ಮನೆಯಿಂದ ಮುಂದೆ ಎರಡು ಕಿಲೋಮೀಟರ್ ಇತ್ತು. ಅವರನ್ನು ಗೇಟಿನವರೆಗೆ ಬಿಟ್ಟು ವಾಪಸ್ ಬಂದೆ. ಸ್ವೀಪ್ ಕೆಲಸ ಅಲ್ಲಿಗೆ ಮುಗಿಯಿತು. ನನ್ನ ಮನೆಯವರು ನಕ್ಷೆಯಲ್ಲಿ ನನ್ನ ಚುಕ್ಕೆ ನೋಡುತ್ತಾ ಹೊರಗೇ ನಿಂತಿದ್ದರು.

ಮುಟ್ಟಿದವರೆಲ್ಲ ಮೆಸೇಜ್ ಹಾಕಬೇಕು ಅಂತ ಮಾತಾಗಿತ್ತು. ಹನ್ನೊಂದು ಬಂದವು. ಮೂವರು ಹೊಸಬರಲ್ಲಿ ಒಬ್ಬನದು ಬರಲಿಲ್ಲ. ಫೋನ್ ಮಾಡಿದೆ, ಅವನ ತಾಯಿ ಎತ್ತಿದರು. ಶೂ ಬಿಚ್ಚುತ್ತಾ ಕೂತಲ್ಲೇ ನಿದ್ದೆ ಹೋಗಿದ್ದಾನೆ ಅಂದರು. ಎಬ್ಬಿಸಿ ಊಟ ಮಾಡಿಸಿ ಅಂತ ಹೇಳಿದೆ.

ಮುಂದಿನ ರೈಡ್‌ಗೆ ನಾನು ಒಂದೇ ಬದಲಾವಣೆ ಕೇಳಿದ್ದೇನೆ. ಚೆಂದದ ರಸ್ತೆ ಎಲ್ಲಿ ಶುರುವಾಗುತ್ತದೆ ಅಂತ ನೋಡಿ ಹೊರಡುವ ಜಾಗ ಆರಿಸುವುದು ಬೇಡ. ಎಲ್ಲರ ಮನೆಗೂ ನಡುವೆ ಬರುವ ಜಾಗ ಹುಡುಕೋಣ. ಮೊದಲ ಇಪ್ಪತ್ತು ಕಿಲೋಮೀಟರ್ ನೋಟ ಚೆನ್ನಾಗಿರದೆ ಹೋದರೂ ಪರವಾಗಿಲ್ಲ. ಮುಂದೆ ನಿಂತು ಗಾಳಿ ಹೊತ್ತ ಇಬ್ಬರೂ ಇದನ್ನು ಇನ್ನೂ ಒಪ್ಪಿಲ್ಲ. ಬೆಳಗಿನ ಆ ಇಪ್ಪತ್ತು ಕಿಲೋಮೀಟರ್‌ಗೋಸ್ಕರವೇ ಏಳುವುದು ಅನ್ನುತ್ತಾರೆ. ಈ ಭಾನುವಾರದ ಸಣ್ಣ ರೈಡ್‌ನಲ್ಲಿ ಮತ್ತೆ ಮಾತಾಡುತ್ತೇವೆ.