ಗೋಕರ್ಣದಲ್ಲಿ ಯಾರಿಗೂ ಗೊತ್ತಿಲ್ಲದ ಜಾಗ ಯಾವುದು?

'ನಿಮ್ಮೂರು ಗೋಕರ್ಣ ಅಲ್ವಾ? ಯಾರಿಗೂ ಗೊತ್ತಿಲ್ಲದ ಒಳ್ಳೆ ಜಾಗ ಹೇಳು. ಒಂದು ಕೆಫೆ, ಒಂದು ಬಾರ್, ಸುಮ್ನೆ ಕೂರೋಕೆ ಒಂದು ಬೀಚ್.'

ಶುಕ್ರವಾರ ಸಂಜೆಯಾದರೆ ಸಾಕು, ಯಾರದಾದರೂ ಮೆಸೇಜ್ ಬರುತ್ತದೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ಕೇಳಿದ್ದಕ್ಕೆ ಉತ್ತರ. ಸಂಜೆ ಕುಡ್ಲೆ ಬೀಚಿಗೆ ಹೋಗಿ. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಓಂ ಬೀಚ್. ಆಮೇಲೆ ಹಾಫ್ ಮೂನ್, ಪ್ಯಾರಡೈಸ್. ನಡೆದೂ ಹೋಗಬಹುದು, ದೋಣಿಯೂ ಸಿಗುತ್ತದೆ. ಅಲ್ಲಿನ ಕೆಫೆಗಳಲ್ಲಿ ಶಕ್ಷುಕಾ, ಹಮ್ಮಸ್, ಫಲಾಫೆಲ್ ಎಲ್ಲ ಇದೆ. ಇಸ್ರೇಲಿನ ಹುಡುಗ ಹುಡುಗಿಯರು ಬಂದು ವಾರಗಟ್ಟಲೆ ಉಳಿಯುತ್ತಾರೆ, ಅವರಿಗಾಗಿ ಕಲಿತ ಅಡುಗೆ. ಚೆನ್ನಾಗಿಯೇ ಮಾಡುತ್ತಾರೆ. ಜೂನಿನಲ್ಲಿ ಬಂದು 'ಎಲ್ಲಾ ಮುಚ್ಚಿದೆಯಲ್ಲ' ಅಂತ ನನ್ನ ಮೇಲೆ ರೇಗಬೇಡಿ. ಮಳೆಗಾಲಕ್ಕೆ ಕಡಲತೀರದ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಆಗ ನೀವೂ ನೀರಿಗೆ ಇಳಿಯಬೇಡಿ, ಬಂಡೆಯ ತುದಿಗೆ ಹೋಗಿ ಫೋಟೊ ತೆಗೆಯಬೇಡಿ. ಇದನ್ನು ಮಾತ್ರ ಕೈಮುಗಿದು ಹೇಳುತ್ತಿದ್ದೇನೆ.

ಆದರೆ ಆ 'ಯಾರಿಗೂ ಗೊತ್ತಿಲ್ಲದ' ಅನ್ನೋ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ದೋಣಿ ಬಿಡುವವನಿಗೆ ಆ ಜಾಗ ಗೊತ್ತು. ಗುಡ್ಡದಲ್ಲಿ ದರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸುವ ಹೆಂಗಸರಿಗೆ ಗೊತ್ತು. ನಾವೆಲ್ಲ 'ಯಾರೂ' ಅಲ್ವಾ ಹಾಗಾದರೆ?

ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಆಫೀಸಿನ ಗೆಳೆಯನೊಬ್ಬ ಬಂದಿದ್ದ. ಬೆಳಿಗ್ಗೆ ರಥಬೀದಿಗೆ ಕರೆದುಕೊಂಡು ಹೋದೆ. ಮಹಾಬಲೇಶ್ವರ ದೇವಸ್ಥಾನದ ಕಡೆ ಹೋಗುವ ದಾರಿಯಲ್ಲಿ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಕೊರಳು ಮುಚ್ಚುವಷ್ಟು ಮಣಿಸರ. ಬುಟ್ಟಿಯಲ್ಲಿ ಕೆಂಪು ಹರಿವೆ. ಒಂದೊಂದು ಕಟ್ಟನ್ನೂ ಬಾಳೆನಾರಿನಲ್ಲಿ ಬಿಗಿದಿದ್ದರು. ಬೇರಿಗೆ ಒದ್ದೆ ಮರಳು ಇನ್ನೂ ಅಂಟಿಕೊಂಡಿತ್ತು. ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಸೊಪ್ಪು ಅದು, ಅಜ್ಜಿಯೇ ಹೇಳಿದರು.

ನನ್ನ ಗೆಳೆಯನ ಕಣ್ಣು ಫೋನಿನಲ್ಲಿತ್ತು. 'ಇಲ್ಲಿ ನಿಜವಾದ ಲೋಕಲ್ ಊಟ ಎಲ್ಲಿ ಸಿಗುತ್ತೋ, ರೇಟಿಂಗ್ ಇರೋದು ಒಂದೂ ಕಾಣ್ತಿಲ್ಲ' ಅಂದ. ಅವನ ಕಾಲಿಗೂ ಆ ಬುಟ್ಟಿಗೂ ಒಂದು ಗೇಣು ದೂರ. ಆಮೇಲೆ ಮಣಿಸರ ಕಂಡು, ಕೇಳದೆಯೇ ಫೋಟೊ ತೆಗೆದ.

'ಫೋಟೊ ಸಾಕನಾ ತಮಾ? ಸೊಪ್ಪು ಬೇಡ್ವಾ?' ಅಂದರು ಅಜ್ಜಿ.

ನನಗೆ ನಾಚಿಕೆಯಾಯಿತು. ಎರಡು ಕಟ್ಟು ತಗೊಂಡು ಮನೆಗೆ ಬಂದೆ. ಅಮ್ಮ ಹರಿವೆ ದಂಟಿನ ಹುಳಿ ಮಾಡಿದರು. ಅವನು ಮೂರು ಸಲ ಅನ್ನ ಹಾಕಿಸಿಕೊಂಡ. 'ಇದು ಯಾವ ಹೋಟೆಲಲ್ಲಿ ಸಿಗುತ್ತೆ ಆಂಟಿ?' ಅಂತ ಕೇಳಿದ. 'ಹೋಟ್ಲು ಯಾಕೆ, ಮತ್ತೆ ಬಾ' ಅಂದರು ಅಮ್ಮ.

'ಇವತ್ತು ಪೇಟೆಗೆ ಏನು ಬಂದಿದೆ?' ಅಂತ ಒಬ್ಬರಾದರೂ ಕೇಳಲಿ ಅಂತ ನನಗೆ ಆಸೆ. ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ. ಬೇಸಿಗೆಯಾದರೆ ಸಾಣಿಕಟ್ಟೆಗೆ ಹೋಗಿ, ಆಗರದಲ್ಲಿ ಉಪ್ಪು ಎಳೆಯುವುದನ್ನು ನೋಡಿ, ಒಂದು ಚೀಲ ತನ್ನಿ. ಕುಮಟಾದ ಹತ್ತಿರ ಅಳ್ವೆಕೋಡಿಯಲ್ಲಿ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿಯನ್ನು ಗೊಂಚಲು ಕಟ್ಟಿ ತೂಗುಹಾಕಿರುತ್ತಾರೆ. ಹಸಿಯಾಗಿಯೇ ತಿನ್ನಬಹುದು. ಮೇ ತಿಂಗಳಾದರೆ ಅಂಕೋಲೆಯ ಕರಿ ಇಶಾಡ ಮಾವು. 2023ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಗುರುತು, ಸಿಕ್ಕಿತು. ಸಿಪ್ಪೆ ತೆಳು, ಜಾಸ್ತಿ ದಿನ ಇಡಲಾಗದು, ಆದ್ದರಿಂದ ಇಲ್ಲಿಗೇ ಬಂದು ತಿನ್ನಬೇಕು. ಮೀನು ತಿನ್ನುವವರಾದರೆ ಅಘನಾಶಿನಿ ಹೊಳೆಯ ಬೆಳಚು, ಅಂದರೆ ಚಿಪ್ಪುಮೀನು, ಕೇಳಿ. ನೀರು ಇಳಿದಾಗ ಹೊಳೆಯಲ್ಲಿ ನಿಂತು ಆರಿಸಿ ತರುತ್ತಾರೆ. 2024ರಲ್ಲಿ ಆ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅಲ್ಲಿ ಬೆಳಚು ಆರಿಸುವವರಿಗೆ ಆ ಹೊಳೆಯ ಬೆಲೆ ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತು.

ರಥಬೀದಿಗೆ ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರುವ ಹೊತ್ತಿಗೆ ಬುಟ್ಟಿಗಳು ಖಾಲಿಯಾಗಿರುತ್ತವೆ. ಕೈಚೀಲ ತಗೊಂಡು ಹೋಗಿ, ಚಿಲ್ಲರೆ ಇಟ್ಟುಕೊಳ್ಳಿ. ಫೋಟೊ ಬೇಕಾದರೆ ಕೇಳಿ ತೆಗೆಯಿರಿ.